ಚಲದ್ಯಂತ್ರ-ಸ್ಮೃತಿಯೋಜನ-ಪತನ-ಮೀಮಾಂಸೆ

ಪ್ರಥಮಾಧಿಕರಣ: ಅನುಬಂಧಚತುಷ್ಟಯ

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಯಾವ ಶಾಸ್ತ್ರಗ್ರಂಥವೂ ಒಂದು ಹೆಜ್ಜೆಯನ್ನಾದರೂ ಮುಂದಿಡತಕ್ಕದ್ದಲ್ಲವೆಂಬ ಪೂರ್ವಾಚಾರ್ಯರ ಕಟ್ಟಳೆಗೆ ತಲೆಬಾಗಿಯೂ, ಈಚೆಗೆ ಒಂದಾನೊಂದು ಸಂಸ್ಥೆಯವರು ತಮ್ಮ ಗಣಕಯಂತ್ರವು ಹಾಡುಹಗಲಿನಲ್ಲಿ ಕುಸಿದುಬಿದ್ದುದರ ಸಲುವಾಗಿ ಸಿದ್ಧಪಡಿಸಿ ನನ್ನ ಅವಗಾಹನೆಗೆಂದು ಕಳುಹಿಸಿಕೊಟ್ಟ "ಮೂಲಕಾರಣ ವಿಶ್ಲೇಷಣಾ ವರದಿ"ಯಲ್ಲಿ ವಿಶ್ಲೇಷಣೆಯೂ ವರದಿಯೂ ಹೇರಳವಾಗಿದ್ದು ಮೂಲಕಾರಣವೊಂದೇ ಕಾಣದೆ ಹೋದುದರಿಂದ ಪ್ರಚೋದಿತನಾಗಿಯೂ, ಪ್ರಕೃತ ಲೇಖಕನು ತುರುವೇಕೆರೆಯ ಕಡೆಯ ತನ್ನ ತೋಟದ ಮನೆಯ ಜಗಲಿಯ ಮೇಲೆ ಕುಳಿತು ಈ ಮೀಮಾಂಸೆಗೆ ತೊಡಗಿರುತ್ತಾನೆ.

ವಿಷಯವು, ನಡೆಯುತ್ತಿರುವ ಮಿಥ್ಯಾಯಂತ್ರಕ್ಕೆ, ಎಂದರೆ ವರ್ಚುವಲ್ ಮಷೀನಿಗೆ, ಅದನ್ನು ನಿಲ್ಲಿಸದೆಯೇ ಸ್ಮೃತಿಯನ್ನು, ಎಂದರೆ ಮೆಮೊರಿಯನ್ನು, ಸೇರಿಸಹೊರಟಾಗ ಸಂಭವಿಸುವ ಪತನ. ಅಧಿಕಾರಿಯು ಶಮದಮಾದಿ ಸಂಪತ್ತಿಯುಳ್ಳವನೂ, "ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ" ಎಂಬ ಮಹಾವಾಕ್ಯವನ್ನು ತಾಲ್ಲೂಕು ಕೇಂದ್ರದ ಯಾವುದಾದರೊಂದು ಕಿಟಕಿಯ ಮುಂದೆ ಶ್ರವಣ ಮಾಡಿ, ಬಸ್‌ಸ್ಟ್ಯಾಂಡಿನಲ್ಲಿ ಮನನ ಮಾಡಿ, ಊರಿಗೆ ಹಿಂತಿರುಗುವ ಬಸ್ಸಿನಲ್ಲಿ ನಿದಿಧ್ಯಾಸನ ಮಾಡಿದವನೂ ಆಗಿರತಕ್ಕದ್ದು. ಸಂಬಂಧವು ಪ್ರತಿಪಾದ್ಯ-ಪ್ರತಿಪಾದಕ ಭಾವ. ಈ ಸಂಬಂಧವನ್ನು ಬರೆದದ್ದು ಕಟ್ಟಳೆಯ ಪ್ರಕಾರ ಬರೆಯಲೇಬೇಕೆಂದು ಮಾತ್ರ. ಪ್ರಯೋಜನವನ್ನು ಕೊನೆಯಲ್ಲಿ ಹೇಳಲಾಗುವುದು, ಉಳಿದಿದ್ದರೆ.

ಮೀಮಾಂಸೆಯೆಂದು ಹೆಸರಿಟ್ಟುಕೊಂಡ ಅಪರಾಧಕ್ಕಾಗಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ದಿಕ್ಕಿಗೆ ಕೈಮುಗಿಯುವುದು ಇಲ್ಲಿ ನನ್ನ ಕರ್ತವ್ಯವಾಗಿದೆ. ಆ ಊರಿನ ತೀ.ನಂ. ಶ್ರೀಕಂಠಯ್ಯನವರು 1953ರಲ್ಲಿ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಪ್ರಕಟಿಸಿದಾಗ, ಶತಮಾನಗಳ ಸಂಸ್ಕೃತ ಅಲಂಕಾರಶಾಸ್ತ್ರವನ್ನು ಕಾಲೇಜಿನ ಹುಡುಗನೂ ತಾನಾಗಿ ಓದಿ ತಿಳಿದುಕೊಳ್ಳುವಂತೆ ಬರೆದರು. ರಸವೆಂದರೇನೆಂಬ ತೊಡಕಿನ ಪ್ರಶ್ನೆಗೆ ಸಿಕ್ಕಿದ ತಿಳಿಗನ್ನಡದ ಕಾಲುಭಾಗವಾದರೂ, ಗಣಕವು ಏಕೆ ನಿಂತಿತೆಂಬ ಸರಳ ಪ್ರಶ್ನೆಗೆ ಸಿಕ್ಕಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ. ಪಾಂಡಿತ್ಯವು ಎಲ್ಲಿ ನಿಜವಾಗಿ ಇತ್ತೋ ಅಲ್ಲಿ ಅದಕ್ಕೆ ಪೇಟದ ಅಗತ್ಯವಿರಲಿಲ್ಲ.

ದ್ವಿತೀಯಾಧಿಕರಣ: ಲಕ್ಷಣಪರೀಕ್ಷೆ

ಮಿಥ್ಯಾಯಂತ್ರದ ಲಕ್ಷಣವು ಇಂತಿದೆ: ಸ್ವಾಶ್ರಯಭೂತ-ಯಂತ್ರಾಂತರ-ನಿಷ್ಠ-ಸ್ಮೃತ್ಯಂಶೋಪಜೀವಿತ್ವೇ ಸತಿ ಸ್ವಾತಂತ್ರ್ಯಾಭಿಮಾನವತ್ತ್ವಂ. ತನಗೆ ಆಶ್ರಯವಾದ ಇನ್ನೊಂದು ಯಂತ್ರದ ಸ್ಮೃತಿಯಲ್ಲಿ ಒಂದು ಪಾಲನ್ನು ಪಡೆದು ಬದುಕುತ್ತ, ತಾನು ಸ್ವತಂತ್ರನೆಂದು ತಿಳಿದಿರುವುದೇ ಮಿಥ್ಯಾಯಂತ್ರವೆಂದು ತಾತ್ಪರ್ಯ. ಈ ಲಕ್ಷಣವು ಅಪ್ಪನ ಕೊಬ್ಬರಿ ದುಡ್ಡಿನಲ್ಲಿ ತಿಪಟೂರಿನ ಪೇಟೆಬೀದಿಯಲ್ಲಿ ಬೈಕು ಓಡಿಸುವ ತರುಣರಲ್ಲಿ ಅತಿವ್ಯಾಪ್ತವಾಗುತ್ತದೆಂಬ ಆಕ್ಷೇಪವು ನ್ಯಾಯವಾದದ್ದೇ ಆದುದರಿಂದ, "ಯಂತ್ರತ್ವೇ ಸತಿ" ಎಂಬ ವಿಶೇಷಣವನ್ನು ಸೇರಿಸಿ ದೋಷಪರಿಹಾರ ಮಾಡಿಕೊಳ್ಳತಕ್ಕದ್ದು.

ಇಂಥ ಯಂತ್ರಗಳನ್ನು ಸೃಷ್ಟಿಸುವ ತಂತ್ರಾಂಶಗಳಲ್ಲಿ ಪ್ರಸಿದ್ಧವಾದದ್ದು ಕ್ಯುಎಮು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಎಂಬಾತನು 2003ರಲ್ಲಿ ಇದನ್ನು ಲೋಕಕ್ಕೆ ಕೊಟ್ಟನು. 2007ರಲ್ಲಿ ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್ಲಿನೊಳಗೆ ಮಿಥ್ಯಾಯಂತ್ರಗಳನ್ನು ನಡೆಸುವ ಕೆವಿಎಂ ಬಂದು ಸೇರಿದ ಮೇಲೆ ಇವೆರಡರ ಜೋಡಿಯು ಜಗತ್ತಿನ ಅಸಂಖ್ಯ ಸರ್ವರುಗಳ ಒಳಗೆ ಸದ್ದಿಲ್ಲದೆ ದುಡಿಯುತ್ತಿದೆ. ಒಳಗಿನ ಅತಿಥಿಯಂತ್ರವು ತನ್ನ ರ‍್ಯಾಮ್ ಎಂದು ಹೆಮ್ಮೆಪಡುವುದು, ಹೊರಗಿನಿಂದ ನೋಡಿದರೆ, ಕ್ಯುಎಮು ಎಂಬ ಒಂದು ಸಾಧಾರಣ ಪ್ರೋಗ್ರಾಮು ಕರ್ನೆಲ್ಲಿನಿಂದ ಬೇಡಿ ಪಡೆದ ಜಾಗವಷ್ಟೆ. 2014ರ ಆಗಸ್ಟ್‌ನಲ್ಲಿ ಹೊರಬಂದ 2.1ನೆಯ ಆವೃತ್ತಿಯಿಂದ ಈಚೆಗೆ ಈ ಜಾಗವನ್ನು ಅತಿಥಿಯು ಎಚ್ಚರವಾಗಿರುವಾಗಲೇ ಹೆಚ್ಚಿಸಲು ಬರುತ್ತದೆ. ಮೊದಲೇ ಗರಿಷ್ಠ ಮಿತಿಯನ್ನೂ ಸ್ಲಾಟುಗಳ ಸಂಖ್ಯೆಯನ್ನೂ ಹೇಳಿ ಯಂತ್ರವನ್ನು ಹೊರಡಿಸಿದ್ದರೆ, ಬೇಕೆನಿಸಿದಾಗ ಒಂದು ಹುಸಿ ಡಿಮ್ಮನ್ನು, ಎಂದರೆ ಸ್ಮೃತಿಯ ಫಲಕವನ್ನು, ತುರುಕಿದರಾಯಿತು. ಎಸಿಪಿಐ ಎಂಬ ಕಟ್ಟುಪಾಡಿನ ಮೂಲಕ ಅತಿಥಿಗೆ ಸುದ್ದಿ ಹೋಗಿ, ಅದರ ಕರ್ನೆಲ್ಲು ಹೊಸ ಸ್ಮೃತಿಯನ್ನು 128 ಮೆಗಾಬೈಟುಗಳ ಹೋಳುಗಳಾಗಿ ಎಣಿಸಿ ಒಂದೊಂದನ್ನೇ ಬಳಕೆಗೆ ತೆಗೆದುಕೊಳ್ಳುತ್ತದೆ. ಐಬಿಎಂನ ಪವರ್ ಜಾತಿಯ ಯಂತ್ರಗಳಲ್ಲಿ ಈ ಹೋಳು 256 ಮೆಗಾಬೈಟು. ಆ ಯಂತ್ರಗಳಿಗೆ ಈ ಸೌಕರ್ಯವು 2015ರ ಡಿಸೆಂಬರಿನ 2.5ನೆಯ ಆವೃತ್ತಿಯಲ್ಲಿ ಬಂದಾಗ ಅದರ ಹಿಂದಿನ ದುಡಿಮೆಯಲ್ಲಿ ನಮ್ಮ ಬೆಂಗಳೂರಿನ ಐಬಿಎಂ ಇಂಜಿನಿಯರುಗಳ ಪಾಲು ದೊಡ್ಡದಿತ್ತು. ಕೊಟ್ಟ ಸ್ಮೃತಿಯನ್ನು ಹಿಂದಕ್ಕೆ ಪಡೆಯುವುದೂ ಶಾಸ್ತ್ರಸಮ್ಮತವೇ, ಆದರೆ ಅತಿಥಿಯು ಅದರ ಮೇಲೆ ಕದಲಿಸಲಾಗದ ವಸ್ತುವೊಂದನ್ನು ಇರಿಸಿಕೊಂಡಿದ್ದರೆ ಬಿಟ್ಟುಕೊಡುವುದಿಲ್ಲ. ದಾಯಾದಿಗಳ ಪಾಲುಪಟ್ಟಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೃತೀಯಾಧಿಕರಣ: ಪತನಭೇದ

ಪತನವು ಚತುರ್ವಿಧ: ದೈವಕೃತ, ಪರಕೃತ, ಸ್ವಯಂಕೃತ, ಅಕೃತ. ಇವುಗಳಲ್ಲಿ ಪ್ರತಿಯೊಂದೂ ಪೂರ್ವಾಹ್ಣ, ಮಧ್ಯಾಹ್ನ, ಅಪರಾಹ್ಣ ಭೇದದಿಂದ ಮೂರಾಗಿ, ಅವು ಹನ್ನೆರಡೂ ಮೇಲಧಿಕಾರಿಯು ಊರಿನಲ್ಲಿದ್ದಾಗ ಮತ್ತು ಇಲ್ಲದಾಗ ಎಂಬ ಉಪಾಧಿಯಿಂದ ಇಪ್ಪತ್ತನಾಲ್ಕಾಗುತ್ತವೆ. ದೈವಕೃತವು ಕರೆಂಟು ಹೋದಾಗ ಆಗತಕ್ಕದ್ದು. ನಮ್ಮ ಹೋಬಳಿಗಳಲ್ಲಿ ಇದಕ್ಕೆ ಪ್ರಮಾಣವನ್ನು ಹುಡುಕಬೇಕಾಗಿಲ್ಲ. ಪರಕೃತದಲ್ಲಿ, ಆಶ್ರಯಯಂತ್ರದ ಕರ್ನೆಲ್ಲು ತನಗೇ ಸ್ಮೃತಿ ಸಾಲದೆ, ಅತ್ಯಂತ ಹೆಚ್ಚು ನುಂಗಿದವನು ಯಾರೆಂದು ನೋಡಿ ಅವನನ್ನು ಕೊಂದುಹಾಕುತ್ತದೆ, ಮತ್ತು ಆ ಪಾಪಿಯು ಸಾಮಾನ್ಯವಾಗಿ ಕ್ಯುಎಮುವೇ ಆಗಿರುತ್ತದೆ. ಅಕೃತವೆಂದರೆ ಎಲ್ಲರ ಕಣ್ಣೆದುರಿಗೇ ಆಗಿದ್ದರೂ ವರದಿಯ ಪ್ರಕಾರ ಆಗದೆ ಇರುವುದು. "ಸೇವೆಯಲ್ಲಿ ತಾತ್ಕಾಲಿಕ ವ್ಯತ್ಯಯ" ಎಂಬುದು ಅದರ ಪಾರಿಭಾಷಿಕ ನಾಮ. ಉಳಿದ ಇಪ್ಪತ್ತು ಚಿಲ್ಲರೆ ಭೇದಗಳನ್ನು ಓದುಗರು ಮನೆಯಲ್ಲಿ ಬಿಡುವಾದಾಗ ಊಹಿಸಿಕೊಳ್ಳಬಹುದು, ನನಗೆ ಬೇಸರ ಬಂದಿದೆ. ನಮ್ಮ ಪ್ರಕರಣವು ಸ್ವಯಂಕೃತ. ಅದನ್ನು ನೇರವಾಗಿಯೇ ಹೇಳುತ್ತೇನೆ.

ಅತಿಥಿಯ ಜಾಲಸಂಚಾರವನ್ನು ಚುರುಕುಗೊಳಿಸಲು ಕರ್ನೆಲ್ಲಿನೊಳಗೆ ವಿಹೋಸ್ಟ್ ಎಂಬ ಸಹಾಯಕನೊಬ್ಬನಿದ್ದಾನೆ. ಅತಿಥಿಯ ಸ್ಮೃತಿಯ ಯಾವ ತುಂಡು ಎಲ್ಲಿದೆಯೆಂಬ ಪಟ್ಟಿಯೊಂದು ಅವನ ಕೈಯಲ್ಲಿರಬೇಕು, ಮತ್ತು ಆ ಪಟ್ಟಿಯಲ್ಲಿ ಅವನು ಹಿಡಿಸಿಕೊಳ್ಳುತ್ತಿದ್ದದ್ದು 64 ತುಂಡುಗಳನ್ನು ಮಾತ್ರ. ಇತ್ತ ಕ್ಯುಎಮು 256 ಡಿಮ್ಮುಗಳವರೆಗೆ ಸೇರಿಸಲು ಅವಕಾಶವುಂಟೆಂದು ಸಾರಿಕೊಂಡು ಕುಳಿತಿತ್ತು. ನಾನು ಹೇಳಿದ ಸಂಸ್ಥೆಯಲ್ಲಿ, ಯಂತ್ರ ನಿಧಾನವಾಗಿದೆಯೆಂದು ದೂರು ಬಂದಾಗಲೆಲ್ಲ ಒಂದೊಂದು ಗಿಗಾಬೈಟನ್ನು ಸೇರಿಸಿ ದೂರನ್ನು ಮುಚ್ಚುವುದು ರೂಢಿ. ಹೀಗೆ ಸೇರಿಸುತ್ತ ಸೇರಿಸುತ್ತ ಒಂದು ದಿನ ಪಟ್ಟಿ ತುಂಬಿತು. ಕ್ಯುಎಮು ಹೊಸ ತುಂಡನ್ನು ಯಂತ್ರಕ್ಕೆ ಜೋಡಿಸಿ ಮುಗಿಸಿದ ಮೇಲೆ ಪಟ್ಟಿಯನ್ನು ವಿಹೋಸ್ಟನಿಗೆ ಒಪ್ಪಿಸಲು ಹೋಯಿತು, ಅವನು ಹಿಡಿಯದೆಂದನು, ಆ ಜಾಗದಲ್ಲಿ ಪ್ರೋಗ್ರಾಮು ಬರೆದವನು, ಈ ಕಾರ್ಯ ವಿಫಲವಾಗಲಾರದೆಂಬ ನಂಬಿಕೆಯಿಂದ ಒಂದು ಅಸರ್ಟನ್ನು ನೆಟ್ಟಿದ್ದನು. ಅಸರ್ಟು ಸುಳ್ಳಾದ ಕ್ಷಣದಲ್ಲಿ ಪ್ರೋಗ್ರಾಮು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಅತಿಥಿಯೂ, ಅತಿಥಿಯೊಳಗೆ ಬೆಳಗಿನಿಂದ ಕೂಡಿಸಿದ ಲೆಕ್ಕವೂ, ಅದನ್ನು ನಂಬಿ ಸಾಲಿನಲ್ಲಿ ನಿಂತವರೂ ಒಟ್ಟಿಗೆ ಹೋದರು.

ಈ ಪತನಕ್ಕೆ ಒಬ್ಬ ಅಣ್ಣನೂ ಇದ್ದನು. ಕೆವಿಎಂನ ಸ್ಮೃತಿಸ್ಲಾಟುಗಳು ಮುಗಿದಾಗ ಹಳೆಯ ಕ್ಯುಎಮು ಮೊದಲು "ಖಾಲಿ ಸ್ಲಾಟ್ ಇಲ್ಲ" ಎಂಬರ್ಥದ ಸಾಲೊಂದನ್ನು ನೀಟಾಗಿ ಅಚ್ಚುಮಾಡುತ್ತಿತ್ತು, ಮರುಸಾಲಿನಲ್ಲಿಯೇ ಅಬಾರ್ಟ್ ಎಂದು ಪ್ರಾಣ ಬಿಡುತ್ತಿತ್ತು. ಎಂದರೆ ಅದಕ್ಕೆ ಕಾರಣ ಗೊತ್ತಿತ್ತು, ಹೇಳುವ ಬಾಯಿಯೂ ಇತ್ತು.

ಪೂರ್ವಪಕ್ಷ: ಅನಿರೀಕ್ಷಿತ ಸ್ಥಿತಿಯಲ್ಲಿ ಮುಂದುವರಿದು ದತ್ತಾಂಶವನ್ನು ಕೆಡಿಸುವುದಕ್ಕಿಂತ ತಕ್ಷಣ ನಿಂತುಬಿಡುವುದು ಲೇಸಲ್ಲವೆ? ಲೇಸು, ಸ್ಥಿತಿಯು ನಿಜವಾಗಿ ಅನಿರೀಕ್ಷಿತವಾಗಿದ್ದರೆ. ಪ್ರೋಗ್ರಾಮಿನ ಒಳತರ್ಕವೇ ಕೆಟ್ಟಾಗ ಅಸರ್ಟು ಇರತಕ್ಕದ್ದೇ ಸರಿ. ಆದರೆ 64 ಎಂಬ ಸಂಖ್ಯೆಯು ಕರ್ನೆಲ್ಲಿನಲ್ಲಿ ಹಗಲುಬೆಳಕಿನಲ್ಲಿ ಬರೆದಿತ್ತು. 64ರ ಮುಂದೆ ಇನ್ನೊಂದು ಬರುವುದೆಂಬುದನ್ನು ಎಣಿಕೆ ಬಲ್ಲ ಯಾವ ಕೂಸಾದರೂ ನಿರೀಕ್ಷಿಸೀತು. ಬಳಸುವವನು ಕೇಳಿದ್ದು ತಪ್ಪಾಗಿದ್ದರೆ ಅವನಿಗೆ ಆಗದೆಂದು ಹೇಳಿ ಕಳುಹಿಸುವ ದೋಷನಿವೇದನದ ಏರ್ಪಾಡು ಕ್ಯುಎಮುವಿನಲ್ಲಿಯೇ ಸಿದ್ಧವಾಗಿತ್ತು.

ನಮ್ಮ ದೊಡ್ಡಪ್ಪನಿಗೆ ಈ ಸಂಗತಿಯನ್ನು ಹೇಳಲು ಅಟ್ಟದ ಸಹಾಯ ಬೇಕಾಯಿತು. ನಮ್ಮ ಕಡೆ ಉಂಡೆ ಕೊಬ್ಬರಿಗೆಂದು ಬಲಿತ ಕಾಯನ್ನು ಮಟ್ಟೆಯ ಸಮೇತ ದಬ್ಬೆ ಹಾಸಿದ ಅಟ್ಟಕ್ಕೆ ಏರಿಸಿ ಸುಮಾರು ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಕಾಯಿ ಏರಿಸುವ ದಿನ ಕೆಳಗಿನವನು ಎಸೆಯುತ್ತಾನೆ, ಮೇಲಿನವನು ಹಿಡಿದು ಜೋಡಿಸುತ್ತಾನೆ, ದೊಡ್ಡಪ್ಪ ನಡುನಡುವೆ ತೊಲೆಯ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಾನೆ. "ಮೇಲಿರೋನು ಜಾಗ ಇಲ್ಲ ಅಂತ ಒಂದು ಕೂಗು ಹಾಕಿ, ಆಮೇಲೆ ಅಟ್ಟಾನೇ ಒದ್ದು ಬೀಳಿಸಿದ ಅಂತಿಟ್ಕೋ ದೊಡ್ಡಪ್ಪ" ಎಂದೆ.

"ಜಾಗ ಇಲ್ದಿದ್ರೆ ಸಾಕು ಅನ್ಬೇಕು ಕಣೋ. ಅಟ್ಟ ಯಾಕೆ ಒದೀಬೇಕು? ಏನ್ ದಾಡಿ ಬಂದಿತ್ತು ಅವ್ನಿಗೆ?"

ವರದಿಯ ಅಷ್ಟೂ ಪುಟಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿಕೊಂಡಿರಲಿಲ್ಲ.

ಸಿದ್ಧಾಂತವು ಚಿಕ್ಕದು. ಕೆವಿಎಂ ಸ್ಲಾಟಿನ ವಿಷಯದಲ್ಲಿ 2014ರ ಕೊನೆಯಲ್ಲಿಯೂ, ವಿಹೋಸ್ಟಿನ ವಿಷಯದಲ್ಲಿ 2015ರಲ್ಲಿಯೂ, ಡಿಮ್ಮನ್ನು ಜೋಡಿಸುವ ಮುನ್ನ "ಜಾಗವಿದೆಯೆ?" ಎಂದು ವಿಚಾರಿಸುವ ಕೆಲವು ಸಾಲುಗಳನ್ನು ಕ್ಯುಎಮುವಿಗೆ ಸೇರಿಸಿದರು. ವಿಹೋಸ್ಟ್ ಸಹಾಯಕರು ಹಲವರಿದ್ದರೆ ಅವರಲ್ಲಿ ಅತ್ಯಂತ ಕಡಿಮೆ ಹಿಡಿಸಿಕೊಳ್ಳುವವನ ಮಿತಿಯೇ ಎಲ್ಲರ ಮಿತಿ. ಕರ್ನೆಲ್ಲಿನ ಹೊರಗೆ ಕೆಲಸಮಾಡುವ ವಿಹೋಸ್ಟ್-ಯೂಸರ್ ಎಂಬವನ ಮಿತಿ ಆಗ 8 ಮಾತ್ರ ಆಗಿದ್ದುದರಿಂದ ಈ ಎಚ್ಚರ ಅವಶ್ಯವಾಗಿತ್ತು. ಜಾಗವಿಲ್ಲದಿದ್ದರೆ ಆಜ್ಞೆ ಕೊಟ್ಟವನಿಗೆ ದೋಷಸಂದೇಶವೊಂದು ಹೋಗುತ್ತದೆ, ಅತಿಥಿಯಂತ್ರ ಏನೂ ಆಗದಂತೆ ನಡೆಯುತ್ತಿರುತ್ತದೆ. ಅದೇ ವರ್ಷ ಕರ್ನೆಲ್ಲಿನವರೂ ವಿಹೋಸ್ಟಿನ ಮಿತಿಯನ್ನು ಬೇಕಾದವರು ಏರಿಸಿಕೊಳ್ಳುವಂತೆ ಮಾಡಿದರು. ನಾನು ಹೇಳುವ ಸಂಸ್ಥೆಯು ಇದಕ್ಕೂ ಹಿಂದಿನ ಆವೃತ್ತಿಯನ್ನು, ನಡೆಯುತ್ತಿರುವುದನ್ನು ಮುಟ್ಟಬಾರದೆಂಬ ನೀತಿಯಿಂದ, ಇಂದಿಗೂ ಪೂಜಿಸಿಕೊಂಡು ಬಂದಿದೆ. ವರದಿಯಲ್ಲಿ ಆವೃತ್ತಿಯ ಸಂಖ್ಯೆಯೇ ಇಲ್ಲ. "ಪಾಲುದಾರರ ಸಮನ್ವಯ" ಇದೆ, "ಪ್ರಕ್ರಿಯಾ ಪ್ರಬುದ್ಧತೆ" ಇದೆ, ಬಾಣಗಳುಳ್ಳ ಚಿತ್ರವಿದೆ. ಒಬ್ಬನು, ಒಬ್ಬನೇ ಒಬ್ಬನು, ಮುಂದೆ ಬಂದು "ಪಟ್ಟಿ ತುಂಬಿತ್ತು, ನಾವು ಎಣಿಸಿರಲಿಲ್ಲ" ಎಂದು ಬರೆದು ಸಹಿ ಹಾಕಿದ್ದರೆ ಅವನ ಮನೆಗೆ ನಾನೇ ಒಂದು ಮೂಟೆ ಕಾಯಿ ಹೊತ್ತುಕೊಂಡು ಹೋಗುತ್ತಿದ್ದೆ.

ಇಲ್ಲಿಗೆ ನಗೆಯನ್ನು ಬದಿಗಿಡುತ್ತೇನೆ. 2024ರ ಆರಂಭದಲ್ಲಿ, ಮಾರುಕಟ್ಟೆಯ ಬೆಲೆ ಕುಸಿದು ಕೂತಿದ್ದ ಹೊತ್ತಿನಲ್ಲಿ, ಕ್ವಿಂಟಲಿಗೆ 12,000 ರೂಪಾಯಿಯ ಬೆಂಬಲ ಬೆಲೆಗೆ ಉಂಡೆ ಕೊಬ್ಬರಿ ಕೊಳ್ಳಲು ನಾಫೆಡ್ ಮೂಲಕ ರೈತರ ನೋಂದಣಿ ನಡೆಯಿತು. ಕರ್ನಾಟಕದಿಂದ ಕೊಳ್ಳತಕ್ಕದ್ದು 62,500 ಟನ್ ಎಂದು ಮೊದಲೇ ಗೊತ್ತಿತ್ತು; ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಅಟ್ಟಗಳಲ್ಲಿ ಎಷ್ಟು ಕಾಯಿ ಇರಬಹುದೆಂಬುದೂ ಊಹೆಗೆ ಮೀರಿದ್ದೇನಲ್ಲ. ಆದರೂ ನೋಂದಣಿ ಕೇಂದ್ರಗಳ ಮುಂದೆ ಜನ ಮಾಗಿಯ ಚಳಿಯಲ್ಲಿ ರಾತ್ರಿಯಿಂದಲೇ ಪಹಣಿ, ಆಧಾರ್ ಪ್ರತಿಗಳನ್ನು ಹಿಡಿದು ಸಾಲುಗಟ್ಟಿದರು, ಕೆಲವೇ ದಿನಗಳಲ್ಲಿ ಮಿತಿ ತುಂಬಿತೆಂದರು, ಅಕ್ರಮವಾಗಿದೆಯೆಂದು ಕೂಗೆದ್ದಿತು, ಆದ ನೋಂದಣಿಯನ್ನೆಲ್ಲ ರದ್ದುಮಾಡಿ ಮಾರ್ಚ್‌ನಲ್ಲಿ ಮತ್ತೆ ಮೊದಲಿನಿಂದ ಬರೆಸಿಕೊಂಡರು. ರಾತ್ರಿಯೆಲ್ಲ ನಿಂತು ನ್ಯಾಯವಾಗಿ ಹೆಸರು ಬರೆಸಿದ್ದ ಮುದುಕನೂ ಮತ್ತೊಮ್ಮೆ ಅದೇ ಸಾಲಿನ ಬಾಲಕ್ಕೆ ಹೋಗಿ ನಿಲ್ಲಬೇಕಾಯಿತು. ಪಟ್ಟಿ ತುಂಬುವುದು ಯಾರ ಅಪರಾಧವೂ ಅಲ್ಲ. ತುಂಬುವುದೆಂದು ಬಲ್ಲವರು ಅದನ್ನು ಬಾಗಿಲಲ್ಲಿಯೇ ಹೇಳದೆ, ಬರುವವರನ್ನೆಲ್ಲ ಒಳಗೆ ಬಿಟ್ಟುಕೊಂಡು, ಕೊನೆಗೆ ಇಡೀ ಪಟ್ಟಿಯನ್ನೇ ಹರಿದುಹಾಕುವ ಪದ್ಧತಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, "ಸರ್ವರ್ ಡೌನ್" ಎಂದೊಡನೆ ಮಳೆ ಬಾರದೆ ಹೋದ ವರ್ಷದಂತೆ ಸುಮ್ಮನೆ ಚೀಲ ಮಡಚಿಕೊಂಡು ಎದ್ದುಬಿಡುತ್ತೇವೆ. ಸರ್ವರಿಗೆ ತಾನಾಗಿ ಬೀಳುವ ಚಪಲವಿಲ್ಲ. ಒಬ್ಬನು ಎಣಿಸದೆ ಬಿಟ್ಟಿರುತ್ತಾನೆ.

ಫಲಶ್ರುತಿ. ಈ ಮೀಮಾಂಸೆಯನ್ನು ಶುಚಿರ್ಭೂತನಾಗಿ ಪಠಿಸಿದವನ ಯಂತ್ರವು ಎಂದಿಗೂ ಬೀಳದೆಂದು ಹೇಳಲು ನನಗೆ ಧೈರ್ಯವಿಲ್ಲ. ತ್ರೀಫೇಸ್ ಕರೆಂಟಿನ ಬಗ್ಗೆಯಂತೂ ಯಾವ ಭರವಸೆಯೂ ಇಲ್ಲ. ಹಳೆಯ ಆವೃತ್ತಿಯನ್ನು ಬಿಡಲಾರದವರು ಒಂದೊಂದು ಗಿಗಾಬೈಟಿನ ಚೂರುಗಳನ್ನು ಪೋಣಿಸುವ ಬದಲು ದೊಡ್ಡ ದೊಡ್ಡ ಡಿಮ್ಮುಗಳನ್ನು ಕೆಲವೇ ಸಂಖ್ಯೆಯಲ್ಲಿ ಸೇರಿಸಲಿ, ಮೂಲಸ್ಮೃತಿಯ ತುಂಡುಗಳೂ ಆ 64ರ ಲೆಕ್ಕದಲ್ಲಿಯೇ ಬರುತ್ತವೆಂಬುದನ್ನು ನೆನಪಿಡಲಿ. ಆವೃತ್ತಿಯನ್ನು ಬದಲಿಸಿಕೊಳ್ಳುವುದು ಇನ್ನೂ ಅಗ್ಗ. ಇಷ್ಟನ್ನು ನಾನು ಆ ಸಂಸ್ಥೆಗೆ ಒಂದೇ ಹಾಳೆಯಲ್ಲಿ ಬರೆದು ಕಳುಹಿಸಿದ್ದಾಗಿದೆ. ನಿಗದಿತ ನಮೂನೆಯಲ್ಲಿ ಇಲ್ಲವೆಂದು ಹಿಂದಕ್ಕೆ ಬಂದಿದೆ.