ಶೇಡ್ ಕಾರ್ಡಿನ ಗೃಹಸ್ಥ

ನಗರದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರನ್ನು ಸಾಲದ ಮೊತ್ತಕ್ಕನುಗುಣವಾಗಿ ವಿಂಗಡಿಸುವ ಪದ್ಧತಿ ಬ್ಯಾಂಕುಗಳಲ್ಲಿದ್ದರೂ, ಸಮಾಜದ ಅಧ್ಯಯನಕ್ಕೆ ಅದಕ್ಕಿಂತ ಉಪಯುಕ್ತವಾದುದು ಶೇಡ್ ಕಾರ್ಡನ್ನು ಅಂಗಡಿಯಲ್ಲೇ ನೋಡಿ ಹಿಂತಿರುಗಿಸುವವರು ಮತ್ತು ಅದನ್ನು ಮನೆಗೆ ಹೊತ್ತೊಯ್ಯುವವರು ಎಂಬ ವಿಂಗಡಣೆ. ಶೇಡ್ ಕಾರ್ಡ್ ಎಂದರೆ ಬಣ್ಣದ ಕಂಪನಿಯು ತನ್ನ ಸಾವಿರಕ್ಕೂ ಮಿಕ್ಕಿದ ಛಾಯೆಗಳನ್ನು ಕಾಗದದ ಪಟ್ಟಿಗಳ ಮೇಲೆ ತೋರಿಸಿ, ಪ್ರತಿಯೊಂದಕ್ಕೂ ಹೆಸರನ್ನೂ ಸಂಖ್ಯೆಯನ್ನೂ ಕೊಟ್ಟು, ಒಂದೇ ಮೊಳೆಗೆ ಪೋಣಿಸಿದ ಬೀಸಣಿಗೆಯಂಥ ಹೊತ್ತಗೆ. ಎರಡನೆಯ ವರ್ಗದ ಗೃಹಸ್ಥನಿಗೆ ಇದು ನಿತ್ಯಪಾರಾಯಣದ ಗ್ರಂಥ.

ಈತನನ್ನು ಗುರುತಿಸುವುದು ಕಷ್ಟವಲ್ಲ. ಮದುವೆಗೆ ಹೋದರೆ ವಧೂವರರನ್ನು ನೋಡುವ ಮೊದಲು ಛತ್ರದ ಗೋಡೆಯನ್ನು ಹಿಂಗೈಯಿಂದ ಸವರಿ ನೋಡುತ್ತಾನೆ. ಸಾವಿನ ಮನೆಗೆ ಹೋದರೂ ಕಣ್ಣು ಮೆಲ್ಲಗೆ ಬೀರುವಿನ ಬಾಗಿಲ ಕಡೆಗೆ ಸರಿಯುತ್ತದೆ. ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟಗಲದ ಲ್ಯಾಮಿನೇಟಿನ ತುಂಡುಗಳಿರುತ್ತವೆ. ಬಡಗಿಗಳು ಮೈಕಾ ಎಂದೇ ಕರೆಯುವ ಈ ವಸ್ತು, ಕಾಗದದ ಪದರಗಳನ್ನು ರಾಳದಲ್ಲಿ ನೆನೆಸಿ, ಮೇಲ್ಪದರದಲ್ಲಿ ಮರದ ಚಿತ್ರ ಮುದ್ರಿಸಿ, ಶಾಖ ಒತ್ತಡಗಳಿಂದ ಗಟ್ಟಿಗೊಳಿಸಿದ ಹಾಳೆ. ಅಂದರೆ ಒಂದು ಮಿಲಿಮೀಟರ್ ದಪ್ಪದ ಕಾಗದವೇ ತೇಗವೆಂದು ನಂಬಿಸುವ ವಿದ್ಯೆ. ಅದರ ನಯಗಾರಿಕೆಯಲ್ಲಿ ಮ್ಯಾಟ್, ಗ್ಲಾಸಿ, ಸ್ವೀಡ್ ಎಂಬ ಭೇದಗಳಿದ್ದು, ಗೃಹಸ್ಥನು ಕಣ್ಣುಮುಚ್ಚಿ ಬೆರಳಾಡಿಸಿಯೇ ಅವನ್ನು ಹೇಳಬಲ್ಲ.

ಇಪ್ಪತ್ತು ವರ್ಷಗಳ ದಾಂಪತ್ಯದಲ್ಲಿ ಹೆಂಡತಿಯ ಸೀರೆ ಹಸಿರೋ ನೀಲಿಯೋ ಎಂದು ಒಮ್ಮೆಯೂ ಸರಿಯಾಗಿ ಹೇಳದ ಈತ, ಮೂರೇ ತಿಂಗಳಲ್ಲಿ ಬಿಳುಪಿನಲ್ಲೇ ಹನ್ನೆರಡು ಬಗೆಗಳನ್ನು ಬೇರ್ಪಡಿಸುವಷ್ಟು ಸೂಕ್ಷ್ಮದೃಷ್ಟಿಯವನಾಗುತ್ತಾನೆ. ವಾಸ್ತವವಾಗಿ ಮನೆಯೊಳಗೆ ಈ ವಿದ್ಯೆ ಬಹುಕಾಲದಿಂದ ಇದ್ದೇ ಇತ್ತು. ನಶ್ಯದ ಬಣ್ಣ, ಈರುಳ್ಳಿಸಿಪ್ಪೆ, ಮಾವಿನಚಿಗುರು, ಕನಕಾಂಬರ, ಬದನೆಕಾಯಿ ಬಣ್ಣ, ಗಿಳಿಹಸಿರು ಎಂದು ಸೀರೆಯಂಗಡಿಯಲ್ಲಿ ಆಡುವ ಮಾತುಗಳು, ಸಂಖ್ಯೆಯ ಹಂಗಿಲ್ಲದೆ, ಕೇಳಿದವರ ಕಣ್ಣಿಗೆ ಆ ಛಾಯೆಯನ್ನೇ ತಂದು ನಿಲ್ಲಿಸುವಷ್ಟು ಖಚಿತವಾದವು. ಆದರೆ ಗೃಹಸ್ಥನು ನಾಲ್ಕಂಕಿಯ ಸಂಕೇತವನ್ನು ಉಚ್ಚರಿಸಿದಾಗ ಹೆಂಡತಿ ಕಾರ್ಡಿನ ಆ ಪಟ್ಟಿಯನ್ನು ನೋಡಿ, “ನಶ್ಯದ ಬಣ್ಣ ಅನ್ನಿ, ಸಾಕು” ಎಂದರೆ, ಶಾಸ್ತ್ರೀಯ ಚರ್ಚೆಗೆ ಅಡುಗೆಮನೆಯಿಂದ ಅಡ್ಡಿ ಬಂತೆಂದು ಆತ ನೊಂದುಕೊಳ್ಳುತ್ತಾನೆ.

ಒಂದು ವಿಷಯದಲ್ಲಿ ವಿಜ್ಞಾನ ಆತನ ಪರವಾಗಿದೆ. ಒಂದು ದೀಪದ ಬೆಳಕಿನಲ್ಲಿ ಒಂದೇ ಎಂಬಂತೆ ಕಂಡ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಬೇರೆಬೇರೆಯಾಗಿ ಕಾಣುವುದುಂಟು. ಇದನ್ನು ಮೆಟಾಮೆರಿಸಂ ಎನ್ನುತ್ತಾರೆ. ಹಾಗೆಯೇ ಒಂಟಿ ಬಣ್ಣವೂ ಬೆಳಕಿಗೆ ತಕ್ಕಂತೆ ಬದಲಾಗುತ್ತದೆ: 6500 ಕೆಲ್ವಿನ್ನಿನ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಶಾಂತವಾಗಿದ್ದ ಬೂದು, 3000 ಕೆಲ್ವಿನ್ನಿನ ಹಳದಿ ದೀಪದಡಿ ಕೆಸರಿನ ಬಣ್ಣಕ್ಕೆ ತಿರುಗಬಹುದು. ಅಂಚೆಚೀಟಿಯಷ್ಟು ಚೂರಿನಲ್ಲಿ ಸೌಮ್ಯವಾಗಿದ್ದುದು ಇಡೀ ಗೋಡೆಯನ್ನೇರಿದಾಗ ಗಾಢವಾಗುವುದೂ ನಿಜವೇ. ಆದ್ದರಿಂದ ಗೋಡೆಯ ಮೇಲೆ ಎರಡಡಿ ಚೌಕದಷ್ಟು ಬಳಿದು ನೋಡಬೇಕೆಂಬುದು ಒಳ್ಳೆಯ ಸಲಹೆ. ಅದನ್ನು ಒಂಬತ್ತು ಛಾಯೆಗಳಲ್ಲಿ, ನಾಲ್ಕು ಗೋಡೆಗಳಲ್ಲಿ ಬಳಿಸಿ, ಮುಂಜಾನೆ, ಮಟಮಟ ಮಧ್ಯಾಹ್ನ, ಮುಸ್ಸಂಜೆ ಹಾಗೂ ಕರೆಂಟು ಹೋದ ಹೊತ್ತಿನಲ್ಲಿ ಮೇಣದಬತ್ತಿ ಹಿಡಿದು ಪರೀಕ್ಷಿಸಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಪೇಂಟರ್ ಮೇಸ್ತ್ರಿಯ ಸಿದ್ಧಾಂತ ಸರಳವಾದದ್ದು: “ಎರಡು ಕೋಟ್ ಬಿದ್ದಮೇಲೆ ಎಲ್ಲಾ ಒಂದೇ ಸಾರ್.”

ನೆಲದ ವಿಚಾರದಲ್ಲಿ ಈತನ ಚರಿತ್ರೆ ಇನ್ನಷ್ಟು ಸ್ವಾರಸ್ಯಕರ. ತಂದೆಯ ಕಾಲದ ಮನೆಯಲ್ಲಿ ಮೊಸಾಯಿಕ್ ಇತ್ತು; ಸಿಮೆಂಟಿನಲ್ಲಿ ಅಮೃತಶಿಲೆಯ ಚೂರುಗಳನ್ನು ಕಲಸಿ ಹಾಸಿ, ಒಣಗಿದ ಮೇಲೆ ಉಜ್ಜಿ ನುಣುಪುಗೊಳಿಸಿದ ನೆಲ. ಅದಕ್ಕೂ ಹಿಂದೆ ಊರಿನ ಮನೆಯಲ್ಲಿ ಕೆಂಪು ಆಕ್ಸೈಡಿನ ನೆಲವಿದ್ದು, ಹಲವು ವರ್ಷಗಳ ಬರಿಗಾಲ ಓಡಾಟದಿಂದ ಅದು ಕನ್ನಡಿಯಂತಾಗಿತ್ತು. ತಲೆಯ ಮೇಲೆ ಮಂಗಳೂರು ಹೆಂಚು. ಇವೆಲ್ಲ ಹಳೆಯ ಕಾಲದವೆಂದು ಕೀಳಿಸಿ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಹಾಕಿಸಿದವನೂ ಈತನೇ. ಈಗ ಮೊಸಾಯಿಕ್ಕು ಟೆರಾಜೊ ಎಂಬ ಇಟಲಿಯ ಹೆಸರಿನಲ್ಲಿಯೂ ಹೆಂಚಿನ ಬಣ್ಣವು ಟೆರಕೋಟಾ ಎಂದೂ ಮರಳಿ ಬಂದಿರುವುದರಿಂದ, ಗುಜರಾತಿನ ಮೊರ್ಬಿಯಲ್ಲಿ ತಯಾರಾದ, ಅಮೃತಶಿಲೆಯ ಚೂರುಗಳ ಚಿತ್ರವನ್ನಷ್ಟೇ ಮುದ್ರಿಸಿದ ಟೈಲ್ಸಿಗೆ ಮುಂಗಡ ಕೊಟ್ಟು ಬಂದಿದ್ದಾನೆ. ಕಿತ್ತ ಅಸಲು ನೆಲದ ಚೂರುಗಳು ಅದೇ ಬಡಾವಣೆಯ ಯಾವುದೋ ನಿವೇಶನದ ಪಾಯದಡಿ ಮಲಗಿವೆ.

ಈತನ ಪಂಚಾಂಗ ಯುಗಾದಿಯಿಂದಲ್ಲ, ಡಿಸೆಂಬರಿನಿಂದ ಆರಂಭವಾಗುತ್ತದೆ. ಮುದ್ರಕರು ಬಣ್ಣವನ್ನು ಸಂಖ್ಯೆಯ ಮೂಲಕ ಹೊಂದಿಸಿಕೊಳ್ಳಲೆಂದು 1963ರಲ್ಲಿ ಒಂದು ಪದ್ಧತಿಯನ್ನು ರೂಪಿಸಿದ ಅಮೆರಿಕದ ಪ್ಯಾಂಟೋನ್ ಸಂಸ್ಥೆ, 2000ದಿಂದೀಚೆಗೆ ವರ್ಷಕ್ಕೊಂದು ‘ವರ್ಷದ ಬಣ್ಣ’ವನ್ನು ಸಾರುತ್ತ ಬಂದಿದೆ. 2024ಕ್ಕೆ ಅದು ಸಾರಿದ್ದು ಪೀಚ್ ಫಜ್, ಅಂದರೆ ಪೀಚ್ ಹಣ್ಣಿನ ಸಿಪ್ಪೆಯ ಮೇಲಿನ ನವಿರು. ಗೃಹಸ್ಥನು ಅದನ್ನೇ ನಿಶ್ಚಯಿಸಿದ. ಆದರೆ ಮಳೆ, ಮರಳು, ಮೇಸ್ತ್ರಿಯ ಊರಹಬ್ಬಗಳಿಂದಾಗಿ ಸಾರಣೆ ಮುಗಿಯುವಷ್ಟರಲ್ಲಿ 2025ರ ಮೋಕಾ ಮೂಸ್ ಎಂಬ ಕಾಫಿಗಂದು ಬಂದು ಪೀಚು ಹಳತಾಯಿತು. ಕಾಫಿಗೆ ಒಗ್ಗುವ ಮೈಕಾ ಸಿಗುವ ಹೊತ್ತಿಗೆ 2026ರ ಬಣ್ಣವಾಗಿ ಕ್ಲೌಡ್ ಡಾನ್ಸರ್ ಘೋಷಿತವಾಯಿತು. ಮೋಡದ ನರ್ತಕಿಯೆಂಬ ಈ ಮೋಹಕ ನಾಮಧೇಯದ ಬಣ್ಣ ಬಿಳಿ.

ಪುಟ್ಟಿ ಮೆತ್ತಿ, ಬಣ್ಣಕ್ಕೆ ಮೊದಲು ಹೊಡೆಯುವ ಪ್ರೈಮರನ್ನಷ್ಟೇ ಹೊಡೆದ ಗೋಡೆಗಳ ನಡುವೆಯೇ ಗೃಹಪ್ರವೇಶ ನೆರವೇರುತ್ತದೆ. ವೃದ್ಧ ತಾಯಿ ಸುತ್ತಲೂ ಕಣ್ಣಾಡಿಸಿ, “ಸುಣ್ಣ ಹೊಡೆಸಿದ್ದೀಯಲ್ಲ, ಲಕ್ಷಣವಾಗಿದೆ ಕಣಪ್ಪ” ಎನ್ನುತ್ತಾರೆ. ಗೃಹಸ್ಥನು ಅದು ಸುಣ್ಣವಲ್ಲವೆಂದೂ, ಈ ವರ್ಷ ಜಗತ್ತೇ ಒಪ್ಪಿದ ಬಣ್ಣವೆಂದೂ ಪಂಕ್ತಿಯುದ್ದಕ್ಕೂ ವಿವರಿಸುತ್ತ ಸಾಗುತ್ತಾನೆ. ಕೊನೆಯ ಎಲೆಯ ಮುಂದೆ ಕುಳಿತ ಪೇಂಟರ್ ಮೇಸ್ತ್ರಿ ಮಾತ್ರ, ಇನ್ನೂ ಎರಡು ಕೋಟಿನ ಕೂಲಿ ತನಗೆ ಬರಬೇಕಾಗಿದೆ ಎಂಬ ಕಾರಣಕ್ಕೋ ಏನೋ, ಹೋಳಿಗೆಯಿಂದ ತಲೆಯೆತ್ತುವುದಿಲ್ಲ.