ಸೀನನಿಗೆ ಸ್ಯಾಟಿಸ್‌ಫ್ಯಾಕ್ಷನ್ ಬೇಕು

ಹೆಸರು ಸೀನ ಅಂತಿಟ್ಟುಕೊಳ್ಳೋಣ. ನಿಮ್ಮ ಬೀದಿಯಲ್ಲಿ ಅವನು ಮಂಜನಾಗಿರಬಹುದು, ನವೀನನಾಗಿರಬಹುದು, ಮುನಿರಾಜುವಾಗಿರಬಹುದು. ಗುರುತು ಹಿಡಿಯುವುದು ಸುಲಭ. ಚಿಕ್ಕಬಳ್ಳಾಪುರದ ಶಿಡ್ಲಘಟ್ಟ ಸರ್ಕಲ್ಲಿನಲ್ಲೋ ಬಿ.ಬಿ. ರಸ್ತೆಯ ಟೀ ಅಂಗಡಿಯ ಮುಂದೋ, ವಾರದ ನಡುವೆ ಬೆಳಗ್ಗೆ ಹನ್ನೊಂದರ ಹೊತ್ತಿನಲ್ಲಿ, ಇಸ್ತ್ರಿ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ಹಿಂದಿನ ಕಂಪೆನಿಯ ಐಡಿ ಕಾರ್ಡಿನ ದಾರವನ್ನು ಜೇಬಿನಿಂದ ಅರ್ಧ ಇಳಿಬಿಟ್ಟು ನಿಂತವನೇ ಸೀನ. ಹನ್ನೊಂದು ಗಂಟೆಗೆ ಇಲ್ಲಿದ್ದಾನೆಂದರೆ ಕೆಲಸ ಬಿಟ್ಟಿದ್ದಾನೆ. ಯಾಕೆ ಬಿಟ್ಟೆ ಎಂದು ಕೇಳಬೇಡಿ. ಕೇಳಿದರೆ ಎರಡನೇ ಟೀಯ ದುಡ್ಡೂ ನಿಮ್ಮದೇ.

“ಸಂಬಳ ಪರವಾಗಿಲ್ಲ ಅಣ್ಣ, ಬಾಸೂ ಪರವಾಗಿಲ್ಲ. ಸ್ಯಾಟಿಸ್‌ಫ್ಯಾಕ್ಷನ್ ಸಿಗ್ಲಿಲ್ಲ.”

ಟೀ ಅಂಗಡಿಯವರಿಗೆ ಈ ಮಾತು ಬಾಯಿಪಾಠ. ಗ್ಲಾಸು ತೊಳೆಯುತ್ತಲೇ ತೆಲುಗಿನಲ್ಲಿ ಕೇಳುತ್ತಾರೆ: “ಏಮಪ್ಪಾ ಸೀನಾ, ಈ ನೆಲ ಏ ಕಂಪೆನೀ?” ಈ ತಿಂಗಳು ಯಾವ ಕಂಪೆನಿಯೋ! ನಮ್ಮ ಕಡೆ ಬೈಯುವುದಾದರೆ ಕನ್ನಡ, ರೇಗಿಸುವುದಾದರೆ ತೆಲುಗು. ಸೀನ ನಗುತ್ತಾನೆ. ಕೋಪ ಮಾಡಿಕೊಳ್ಳುವ ಜಾತಿಯಲ್ಲ ಅವನು. ಸೋಮಾರಿಯಂತೂ ಖಂಡಿತ ಅಲ್ಲ. ಸೋಮಾರಿಯಾದವನು ಒಂದೇ ಕುರ್ಚಿಯಲ್ಲಿ ಕೂತು ಸಂಬಳ ಎಣಿಸುತ್ತಿದ್ದ. ಸೀನನಂತೆ ಕೆಲಸ ಬಿಡುತ್ತಾ ಹೋಗುವುದಕ್ಕೆ ಬಹಳ ಶ್ರಮ ಬೇಕು: ಪ್ರತಿ ಸಲವೂ ಹೊಸ ರೆಸ್ಯೂಮೆ, ಹೊಸ ಬ್ಯಾಂಕ್ ಖಾತೆ, ಹೊಸ ಫೋಟೊ, ಮನೆಯವರಿಗೆ ಹೊಸ ಕಾರಣ.

ಇವನ ಉದ್ಯೋಗಪರ್ವ ಶುರುವಾದದ್ದು ಟೊಮೆಟೊದಿಂದ. ಎಂಬಿಎ ಕೊನೆಯ ಪರೀಕ್ಷೆ ಬರೆದು ಫಲಿತಾಂಶ ಕಾಯುತ್ತಿದ್ದಾಗ 2023ರ ಜುಲೈ. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು ಎರಡು ಸಾವಿರ ದಾಟಿ, ಚಿಂತಾಮಣಿ ಕಡೆ ರಾತ್ರಿ ತೋಟ ಕಾಯಲು ಆಳು ಇಡಬೇಕಾಗಿ ಬಂದ ಕಾಲ. ಸೀನ ಟಿ.ವಿ. ನೋಡಿದ, ಕ್ಯಾಲ್ಕುಲೇಟರ್ ಒತ್ತಿದ, ಚಿಕ್ಕಪ್ಪನ ಒಂದೂವರೆ ಎಕರೆ ಹಿಡಿದು ನಾರು ನೆಟ್ಟೇಬಿಟ್ಟ. ಜುಲೈನಲ್ಲಿ ಬೆಲೆ ನೋಡಿ ನೆಟ್ಟ ಗಿಡ ಹಣ್ಣು ಕೊಡುವುದು ಸೆಪ್ಟೆಂಬರಿಗೆ. ಜುಲೈನಲ್ಲಿ ಬೆಲೆ ನೋಡಿದವನು ಇವನೊಬ್ಬನೇ ಅಲ್ಲವಲ್ಲ. ಎಲ್ಲರ ಹಣ್ಣೂ ಒಟ್ಟಿಗೇ ಮಂಡಿಗೆ ಬಂತು, ಬೆಲೆ ಕಿಲೋಗೆ ಒಂದಂಕಿಗೆ ಇಳಿದು ಟೊಮೆಟೊ ರಸ್ತೆಬದಿಗೆ ಬಿತ್ತು. ಹೀಗೆ ಹಿಂದಿನ ಬೆಲೆ ನೋಡಿ ಮುಂದಿನ ಬೆಳೆ ಇಟ್ಟು ಎಲ್ಲರೂ ಒಟ್ಟಿಗೆ ಮುಳುಗುವುದಕ್ಕೆ ಅರ್ಥಶಾಸ್ತ್ರದಲ್ಲಿ ಕಾಬ್‌ವೆಬ್ ಥಿಯರಂ ಎನ್ನುತ್ತಾರೆ. ಸೀನನ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬಂದಿತ್ತು. ಎಂಟು ತಗೊಂಡಿದ್ದ.

ನಷ್ಟದ ಬಗ್ಗೆ ಅವನೇನೂ ಕೊರಗಲಿಲ್ಲ. “ಅಗ್ರಿಕಲ್ಚರಲ್ಲಿ ನನಗೆ ಪ್ಯಾಷನ್ ಇಲ್ಲ ಅಂತ ಗೊತ್ತಾಯ್ತು” ಎಂದ. ಚಿಕ್ಕಪ್ಪ ಇವತ್ತಿಗೂ ಮಾತು ಬಿಟ್ಟಿದ್ದಾರೆ.

ಆಮೇಲೆ ದೇವನಹಳ್ಳಿ ಏರ್‌ಪೋರ್ಟ್. 2008ರಲ್ಲಿ ಅದು ಶುರುವಾದಾಗಿನಿಂದ ನಮ್ಮ ಜಿಲ್ಲೆಯ ತಾಯಂದಿರಿಗೆ ಮಗ ಏರ್‌ಪೋರ್ಟಲ್ಲಿದ್ದಾನೆ ಅನ್ನುವುದು ಒಂದು ಪದವಿ. ಅಲ್ಲಿ ಏನು ಮಾಡುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಸೀನ ಮಾಡುತ್ತಿದ್ದದ್ದು ನಡೆದು ಹೋಗುವವರನ್ನು ತಡೆದು ಕ್ರೆಡಿಟ್ ಕಾರ್ಡ್ ಬೇಕಾ ಎಂದು ಕೇಳುವುದು. ವಿಮಾನ ತಪ್ಪುತ್ತದೆಂದು ಓಡುವವರಿಗೆ ಸಾಲ ಮಾರುವುದು ಎಂಥ ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಬೆಳಗಿನ ಜಾವ ಮೂರಕ್ಕೆ ಕ್ಯಾಬು. ಇಪ್ಪತ್ನಾಲ್ಕು ವಾರಕ್ಕೆ ರಾಜೀನಾಮೆ. ಆಮೇಲೆ ಮೂರು ತಿಂಗಳು ಬೆಂಗಳೂರಿಗೆ ರೈಲಿನಲ್ಲಿ ಓಡಾಡಿ ಫೋನಿನಲ್ಲಿ ಹೋಮ್ ಲೋನ್ ಮಾರಿದ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಫೋನ್ ಎತ್ತಿದವರು ಹೇಳಿದ್ದನ್ನಂತೂ ಇಲ್ಲಿ ಬರೆಯುವಂತಿಲ್ಲ.

ಅಲ್ಲಿಂದ ಒಂದು ಮೈಕ್ರೋಫೈನಾನ್ಸ್. ಬಾಗೇಪಲ್ಲಿ, ಚಿಂತಾಮಣಿ ಹಳ್ಳಿಗಳಲ್ಲಿ ಹೆಂಗಸರ ಸಂಘಕ್ಕೆ ಸಾಲ ಕೊಡುವುದು, ವಾರವಾರ ಕಂತು ಎತ್ತುವುದು. ಕೊಡುವಾಗ ಸೀನಪ್ಪ, ಎತ್ತುವಾಗ ಸೀನ. ಕಂತು ಬಾರದ ಮನೆಯ ಜಗಲಿಯ ಮೇಲೆ ಕತ್ತಲಾಗುವವರೆಗೆ ಕೂರಬೇಕೆಂದು ಮೇಲಿನವರ ಆಜ್ಞೆ. ಒಂದು ಸಂಜೆ ಹೀಗೆ ಕೂತಿದ್ದಾಗ ಆ ಮನೆಯ ಅಜ್ಜಿ, ಹುಡುಗ ಉಪವಾಸ ಕೂತವ್ನೆ ಅಂತ ಮುದ್ದೆ, ಹುಳಿಸಾರು ತಂದಿಟ್ಟರಂತೆ. ಉಂಡು ಎದ್ದವನು ಮರುದಿನ ಬೈಕಿನ ಕೀ, ರಸೀದಿ ಪುಸ್ತಕ ವಾಪಸ್ ಕೊಟ್ಟುಬಂದ. ಅದಾದ ಸ್ವಲ್ಪ ದಿನಕ್ಕೇ, 2025ರ ಫೆಬ್ರವರಿಯಲ್ಲಿ, ಸಾಲ ವಸೂಲಿಯ ಕಿರುಕುಳ ತಡೆಯಲು ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸೀನನ ಈ ಒಂದು ರಾಜೀನಾಮೆಗೆ ನನ್ನ ಸಂಪೂರ್ಣ ಬೆಂಬಲವಿದೆ. ಓದಿದ ಹುಡುಗರಿಗೆ ಮೊದಮೊದಲು ಸಿಗುವ ಕೆಲಸಗಳಲ್ಲಿ ಅರ್ಧ ಹೀಗೇ ಇವೆ: ಬೇಡವೆಂದವರಿಗೆ ಮಾರುವುದು, ಇಲ್ಲವೆಂದವರಿಂದ ವಸೂಲು ಮಾಡುವುದು. ಬಿಡುವವರನ್ನು ಬೈಯುವ ನಾವು ಇದನ್ನೂ ನೋಡಬೇಕು.

ಕೆಲಸ ಬಿಟ್ಟಾಗಿನ ವಿಧಿಗಳೂ ನಿಗದಿಯಾಗಿವೆ. ಮರುದಿನ ಬೆಳಗಿನ ಜಾವ ಗೆಳೆಯರ ಜೊತೆ ನಂದಿಬೆಟ್ಟ, ಮಂಜಿನ ಮುಂದೆ ಫೋಟೊ, ‘ನ್ಯೂ ಬಿಗಿನಿಂಗ್’ ಎಂಬ ಸ್ಟೇಟಸ್. ಮರುವಾರ ಆದಿಯೋಗಿ ಪ್ರತಿಮೆ. ಮೂರನೇ ವಾರ ಅಪ್ಪನ ಮುಖ.

ಅಪ್ಪ ಶಿಡ್ಲಘಟ್ಟ ರಸ್ತೆಯ ಹಳ್ಳಿಯಲ್ಲಿ ರೇಷ್ಮೆ ಬೆಳೆಯುತ್ತಾರೆ. ಮಾತು ಕಮ್ಮಿ. ಮಗ ಮನೆಯಲ್ಲಿ ಮುಸುಕು ಹಾಕಿ ಮಲಗಿದ್ದರೆ, ಬಂದವರಿಗೆ “ಜ್ವರಕ್ಕೆ ಕೂತವ್ನೆ, ಮಾತಾಡಿಸ್ಬೇಡಿ” ಅನ್ನುತ್ತಾರೆ. ರೇಷ್ಮೆ ಹುಳು ಪೊರೆ ಬಿಡಲು ಸೊಪ್ಪು ಬಿಟ್ಟು ಅಲ್ಲಾಡದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅಂತಾರೆ. ಒಂದು ಬೆಳೆಗೆ ನಾಲ್ಕು ಜ್ವರ. “ನಾಲ್ಕು ಆದ್ಮೇಲೆ ಹುಳನಾದ್ರೂ ಗೂಡು ಕಟ್ತದಪ್ಪ. ಇವನಿಗೆ ಐದನೇದು ಬರಂಗೈತೆ” ಎಂದು ಅವರು ಹೇಳಿದ್ದು ಗೌರಿಬಿದನೂರಿನ ಕೆಲಸಕ್ಕೆ ಮಗ ಸೇರಿದ ದಿನ.

ಆ ಕೆಲಸದ ಕಥೆ ಕೊಂಚ ವಿವರವಾಗಿ ಹೇಳಲೇಬೇಕು. ಗೌರಿಬಿದನೂರಿನ ಒಂದು ಗಾರ್ಮೆಂಟ್ ಫ್ಯಾಕ್ಟರಿಯ ಎಚ್.ಆರ್. ವಿಭಾಗ. ಸ್ಯಾಟಿಸ್‌ಫ್ಯಾಕ್ಷನ್ ಸಿಗದೆ ನಾಲ್ಕು ಕಡೆ ಬಿಟ್ಟುಬಂದವನಿಗೆ ಅಲ್ಲಿ ಕೊಟ್ಟ ಮೊದಲ ಜವಾಬ್ದಾರಿ ಯಾವುದು ಅಂದುಕೊಂಡಿರಿ? ಕಾರ್ಮಿಕರ ಜಾಬ್ ಸ್ಯಾಟಿಸ್‌ಫ್ಯಾಕ್ಷನ್ ಸರ್ವೆ! ಒಂದು ಹಾಳೆ, ಅದರಲ್ಲಿ ಅಳುಮುಖದಿಂದ ನಗುಮುಖದವರೆಗೆ ಐದು ಮುಖ. ನಿಮ್ಮ ಕೆಲಸ ನಿಮಗೆ ತೃಪ್ತಿ ಕೊಡುತ್ತಿದೆಯೇ, ಒಂದು ಮುಖಕ್ಕೆ ಟಿಕ್ ಹಾಕಿ. ಮಂಚೇನಹಳ್ಳಿ, ತೊಂಡೇಬಾವಿ, ಆಚೆ ಹಿಂದೂಪುರದ ಕಡೆಯಿಂದಲೂ ಕಂಪೆನಿ ಬಸ್ಸಿನಲ್ಲಿ ಬರುವ ಹೆಂಗಸರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ನಗೋ ಮುಖಕ್ಕೆ ಹಾಕಿದ್ರೆ ಬಸ್ಸು ಟೈಮಿಗೆ ಬರ್ತದಾ ಸಾ?”

“ಅಳೋ ಮುಖಕ್ಕೆ ಹಾಕಿದ್ರೆ ಸೂಪರ್‌ವೈಸರ್‌ಗೆ ತೋರಿಸ್ತೀರಾ?”

ಅಷ್ಟರಲ್ಲಿ ಊಟದ ಬೆಲ್ ಆಯಿತು. ಇಡೀ ಲೈನು ಕಣ್ಣುಮುಚ್ಚಿ ನಗುಮುಖಕ್ಕೆ ಟಿಕ್ ಹಾಕಿ ಡಬ್ಬಿ ಹಿಡಿದು ಹೋಯಿತು. ಫಲಿತಾಂಶ ನೋಡಿ ಹೆಡ್ ಆಫೀಸಿನವರು ಎಚ್.ಆರ್. ವಿಭಾಗಕ್ಕೆ ಕೇಕ್ ಕಳಿಸಿದರು. ಇಡೀ ಫ್ಯಾಕ್ಟರಿಯಲ್ಲಿ ಅಳುಮುಖಕ್ಕೆ ಟಿಕ್ ಹಾಕಿದ್ದ ಒಂದೇ ಹಾಳೆ ಸೀನನದು. ಅದನ್ನು ಅವನೇ ಹರಿದುಹಾಕಿ ಕೇಕ್ ತಿಂದ.

ಎಂಬಿಎಯಲ್ಲಿ ಅವನು ಹರ್ಜ್‌ಬರ್ಗ್ ಓದಿದ್ದ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಿಟ್ಸ್‌ಬರ್ಗಿನ ಇನ್ನೂರು ಚಿಲ್ಲರೆ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ವಿಚಾರಿಸಿ 1959ರಲ್ಲಿ ಪುಸ್ತಕ ಬರೆದ. ಸಂಬಳ, ಮೇಲಧಿಕಾರಿ, ಅನುಕೂಲ ಇವು ಕೆಟ್ಟರೆ ಜನ ಗೊಣಗುತ್ತಾರೆ. ಸರಿಯಾದರೆ ಗೊಣಗುವುದು ನಿಲ್ಲುತ್ತದೆ, ಅಷ್ಟೆ. ಖುಷಿ ಬರುವುದು ಮಾಡುವ ಕೆಲಸದೊಳಗಿನಿಂದ ಎಂದು ಅವನ ವಾದ. ಸೀನ ಇದನ್ನು ಪಟಪಟನೆ ಹೇಳಬಲ್ಲ. ಆದರೆ ಆ ಲೈನಿನಲ್ಲೇ ಒಂಬತ್ತು ವರ್ಷದಿಂದ ಕಾಲರ್ ಹಚ್ಚುತ್ತಿದ್ದ ಹೆಂಗಸೊಬ್ಬರು ಪಕ್ಕದ ಮೆಷಿನ್ನಿನ ಅಂಗಿ ಎತ್ತಿ ನೋಡಿ, “ಇದ್ಯಾರಮ್ಮ ಹಚ್ಚಿದ್ದು, ಬಿಚ್ಚು” ಎಂದು ಗದರಿ, ಹಾಗೇ ಸೀನನ ಕತ್ತಿನ ಕಡೆ ತಿರುಗಿ, “ನಿಮ್ದೂ ಅರ್ಧ ನೂಲು ವಾರೆ ಐತೆ ಸಾ” ಅಂದರಂತೆ. ಎರಡೂವರೆ ಸಾವಿರದ ಬ್ರ್ಯಾಂಡೆಡ್ ಅಂಗಿ! ಹರ್ಜ್‌ಬರ್ಗ್ ಎದುರಿಗೇ ನಿಂತಿದ್ದ. ಸೀನ ಅವಮಾನವಾಯಿತೆಂದು ಕ್ಯಾಬಿನ್ನಿಗೆ ಹೋದ.

ಹನ್ನೊಂದನೇ ತಿಂಗಳಿಗೆ ಅಲ್ಲಿಂದಲೂ ಹೊರಟ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹನ್ನೊಂದನೇ ತಿಂಗಳು ಯಾವ ಕೆಲಸದಲ್ಲೂ ಕೆಟ್ಟ ಗಳಿಗೆ. ಹೊಸತನ ಮುಗಿದಿರುತ್ತದೆ, ದೊಡ್ಡದನ್ನು ಇನ್ನೂ ಯಾರೂ ನಂಬಿ ಕೊಟ್ಟಿರುವುದಿಲ್ಲ. ಕೆಲಸ ಕೈಗೆ ಬಗ್ಗುವುದು ಅಲ್ಲಿಂದಾಚೆ. ಸೀನ ಯಾವಾಗಲೂ ಈಚೆ ದಡದಲ್ಲೇ ಇಳಿದುಬಿಡುತ್ತಾನೆ.

ಈ ಸಲದ ಜ್ವರದಲ್ಲಿ ಅವನು ಇಕಿಗಾಯ್ ಪುಸ್ತಕ ಓದಿದ. ಯಾರದೋ ಮದುವೆ ಪತ್ರಿಕೆಯ ಹಿಂದೆ ನಾಲ್ಕು ವೃತ್ತ ಬರೆದು ಅಮ್ಮನಿಗೆ ತೋರಿಸಿದ: ನನಗೆ ಇಷ್ಟವಾದದ್ದು, ನನಗೆ ಬರುವಂಥದ್ದು, ಲೋಕಕ್ಕೆ ಬೇಕಾದದ್ದು, ದುಡ್ಡು ತರುವಂಥದ್ದು, ನಾಲ್ಕೂ ಕೂಡುವ ಜಾಗದಲ್ಲಿ ನನ್ನ ಕೆಲಸ ಇದೆಯಮ್ಮ. ಅಮ್ಮ ದಿಟ್ಟಿಸಿ ನೋಡಿ, “ಆ ಸಂದೀಲಿ ಕೂರಕ್ಕೆ ಜಾಗ ಸಾಕಾಗ್ತದೇನೋ?” ಅಂದರು. ಅಂದಹಾಗೆ ಈ ನಾಲ್ಕು ವೃತ್ತ ಜಪಾನಿನದ್ದೇ ಅಲ್ಲ. ಸ್ಪೇನಿನ ಜ್ಯೋತಿಷಿ ಆಂದ್ರೆಸ್ ಜುಜುನಾಗ ಬರೆದ ಚಿತ್ರಕ್ಕೆ 2014ರಲ್ಲಿ ಮಾರ್ಕ್ ವಿನ್ ಎಂಬಾತ ಜಪಾನೀ ಹೆಸರು ಅಂಟಿಸಿದ್ದು. ಇದು ತಿಳಿದ ಮೇಲೆ ಅಪ್ಪ ಒಂದೇ ಮಾತು ಹೇಳಿದರು: “ಜ್ಯೋತಿಷಿನೇ ಆಗಿದ್ರೆ ಕೈವಾರದಲ್ಲೇ ತೋರಿಸ್ಬಹುದಾಗಿತ್ತು.”

ಸೀನನ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಅವರ ಬತ್ತಳಿಕೆಯಲ್ಲಿ ಎರಡೇ ಬಾಣ: ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ, ಗೌರಿಬಿದನೂರಿನ ಎಚ್. ನರಸಿಂಹಯ್ಯ. ರೈಲಿನಲ್ಲಿ ನಿಂತು ಬೆನ್ನು ನೋವು ಎಂದರೆ ಎರಡನೆಯದು ಹೊರಬರುತ್ತದೆ: “1935ರಲ್ಲಿ ಎಚ್.ಎನ್. ಓದಕ್ಕೆ ಬೆಂಗಳೂರಿಗೆ ನಡ್ಕೊಂಡು ಹೋದ್ರು ಕಣಯ್ಯ.” ಸೀನನೂ ಸುಮ್ಮನಿರುವವನಲ್ಲ. ಏರ್‌ಪೋರ್ಟ್ ಕೆಲಸ ಬಿಟ್ಟಾಗ ಮೇಷ್ಟ್ರ ಮೊದಲ ಬಾಣವನ್ನೇ ಕಿತ್ತು ಅವರಿಗೇ ಬಿಟ್ಟಿದ್ದ.

“ಸಾರ್, ವಿಶ್ವೇಶ್ವರಯ್ಯನೋರೂ ಬಾಂಬೆ ಸರ್ಕಾರದ ಕೆಲಸ ಬಿಟ್ಟೇ ಬಂದಿದ್ದು. ದಿವಾನ್ ಪೋಸ್ಟೂ ಬಿಟ್ರು.”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಹೌದಪ್ಪ. ಬಾಂಬೇಲಿ ಸೇರಿದ್ದು 1884, ಬಿಟ್ಟಿದ್ದು 1908. ಇಪ್ಪತ್ನಾಲ್ಕು ವರ್ಷ. ನೀನು ಎಷ್ಟು?”

“ಇಪ್ಪತ್ನಾಲ್ಕೇ ಸಾರ್.”

“ಏನು?”

“ವಾರ.”

ಇರಲಿ. ಈಗ ನಡೆಯುತ್ತಿರುವುದನ್ನು ಹೇಳುತ್ತೇನೆ. ಅಪ್ಪನಿಗೆ ಮಂಡಿ ನೋವು ಬಂದು, ಗೌರಿಬಿದನೂರು ಬಿಟ್ಟು ಮನೆಯಲ್ಲಿದ್ದ ಸೀನನೇ ಗೂಡಿನ ಮೂಟೆ ಹೇರಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಬೇಕಾಯಿತು. ಲಾಟು ಸುರಿದು ನಿಂತ. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಬಂದು ಕೈ ತೂರಿಸಿ ಹಿಡಿ ಗೂಡೆತ್ತಿ, ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಏನೂ ಹೇಳದೆ ಹೋಗಿ ಮೊಬೈಲಿನಲ್ಲಿ ಬೆಲೆ ಒತ್ತುತ್ತಿದ್ದರು. ಅಲ್ಲಾಡಿಸಿ ಕೇಳುವುದೇನನ್ನು ಎಂದು ಸೀನ ಒಬ್ಬ ರೀಲರ್ ಸಾಹೇಬರನ್ನು ಕೇಳಿದ. ಅವರು ಹೇಳಿದರು. ಇವನು ಇನ್ನೊಂದು ಕೇಳಿದ. ಅವರು ರೆಂಡಿಟ್ಟದ ಲೆಕ್ಕಕ್ಕೆ ಬಂದರು: ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕ. ಒಳ್ಳೆಯ ದ್ವಿತಳಿ ಗೂಡಾದರೆ ಆರೋ ಆರೂವರೆಯೋ, ಮಿಶ್ರತಳಿಗೆ ಏಳೆಂಟು. ಸಾಹೇಬರು ಇದನ್ನೆಲ್ಲ ಹಳೇ ಡೈರಿಯಲ್ಲಿ ಬರೆದಿಡುತ್ತಿದ್ದರು. ಸೀನ ಡೈರಿ ನೋಡಿ ಹೌಹಾರಿದ. “ಬೇಟಾ, ಬಂದು ಸರಿ ಮಾಡಿಕೊಡು” ಅಂದರು ಅವರು.

ಹೋದ. ಹೋದ ಕೂಡಲೇ ಆಫರ್ ಲೆಟರ್ ಕೇಳಿದ, ಡೆಸಿಗ್ನೇಶನ್ ಏನು ಎಂದೂ ಕೇಳಿದ. “ಏನು ಬೇಕೋ ಬರ್ಕೊ. ಬೆಳಿಗ್ಗೆ ಗೂಡು ಬರೋ ಹೊತ್ತಿಗೆ ಇಲ್ಲಿರು” ಎಂದರು ಸಾಹೇಬರು. ಕಾರ್ಡಿನಲ್ಲಿ ಈಗ ‘ಹೆಡ್, ಸ್ಟ್ರಾಟೆಜಿ’ ಎಂದಿದೆ. ಬಟ್ಟೆಯಲ್ಲಿ ಪ್ಯೂಪದ ವಾಸನೆ ಬರುತ್ತದೆ ಎಂದು ಅಮ್ಮ ಅವನ ಅಂಗಿ ಬೇರೆ ಒಗೆಯುತ್ತಾರೆ.

ಮೂರು ತಿಂಗಳ ಲಾಟುಗಳನ್ನೆಲ್ಲ ಎಕ್ಸೆಲ್ಲಿಗೆ ಹಾಕಿದ ಮೇಲೆ ಒಂದು ರಾತ್ರಿ ಅವನಿಗೆ ಕಂಡದ್ದು ಇದು: ಕಿಲೋಗೆ ಹದಿನೈದು ಇಪ್ಪತ್ತು ಕಮ್ಮಿಗೆ ಸಿಕ್ಕಿತೆಂದು ಸಾಹೇಬರು ಖುಷಿಯಿಂದ ಹಿಡಿದ ಲಾಟುಗಳಲ್ಲೇ ಗೂಡು ಜಾಸ್ತಿ ತಿಂದು ನೂಲಿಗೆ ನಷ್ಟ ಬಂದಿದೆ. ಅಗ್ಗದ ಗೂಡೇ ದುಬಾರಿ ಬಿದ್ದಿದೆ. ರಾತ್ರಿ ಹನ್ನೆರಡೂವರೆಗೆ ಸಾಹೇಬರಿಗೆ ಫೋನ್ ಮಾಡಿ ಎಬ್ಬಿಸಿ ಹೇಳಿದ. ಬೈಸಿಕೊಂಡ. ಮರುದಿನ ಹೆಚ್ಚಿನ ಬೆಲೆಯ ಲಾಟಿಗೆ ಒತ್ತಿ ಎಂದು ಪಕ್ಕದಲ್ಲಿ ನಿಂತು ಹಟ ಮಾಡಿದ. ನೂಲು ಬಂತು. ಆ ವಾರವೆಲ್ಲ ಟೀ ಅಂಗಡಿಯಲ್ಲಿ ರೆಂಡಿಟ್ಟದ ಮಾತೇ. ಕೇಳಿದವರು ಕೇಳದವರು ಎಲ್ಲರಿಗೂ ಹೇಳಿದ, ಟೀ ದುಡ್ಡು ತಾನೇ ಕೊಟ್ಟ. ಅಂಗಡಿಯವರು ರೇಗಿಸುವುದನ್ನೇ ಮರೆತರು.

ಅಪ್ಪ ಮಾತ್ರ ಏನೂ ಹೇಳಿಲ್ಲ. ಹುಳು ಹಣ್ಣಾಗುವ ಹೊತ್ತಿನಲ್ಲಿ ಸದ್ದು ಮಾಡಬಾರದು ಎಂಬ ಲೆಕ್ಕವೋ ಏನೋ.

ಸೀನ ಅಲ್ಲಿಗೆ ಸೇರಿ ಈಗ ಒಂಬತ್ತನೇ ತಿಂಗಳು. ಹನ್ನೊಂದನೆಯದು ದೀಪಾವಳಿಯ ಆಸುಪಾಸಿಗೆ ಬೀಳುತ್ತದೆ. ಓದುಗರಲ್ಲಿ ಯಾರಾದರೂ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಕಡೆಯವರಿದ್ದು, ನಿಮ್ಮ ಕಂಪೆನಿಯಲ್ಲಿ ಎಂಬಿಎ ಆದವರಿಗೆ ಕೆಲಸ ಖಾಲಿ ಇದ್ದರೆ ದಯವಿಟ್ಟು ಸಂಕ್ರಾಂತಿ ಕಳೆಯುವವರೆಗೆ ಅವನ ಕಿವಿಗೆ ಹಾಕಬೇಡಿ.