ಮುಡಿಗಂಧ ಮೀಮಾಂಸೆ

ಸ್ತ್ರೀಯರು ಮುಡಿಯುವ ಹೂವಿನಿಂದಲೋ ಕೊರಳಿಗೆ ಸಿಂಪಡಿಸಿಕೊಳ್ಳುವ ಸೀಸೆಯಿಂದಲೋ ಹೊರಟು, ಧರಿಸಿದವಳಿಗಿಂತ ಹೆಚ್ಚಾಗಿ ಅವಳ ಹಿಂದಿನ ಸೀಟಿನವರನ್ನು ತಲುಪುವ ಪರಿಮಳವನ್ನು ಈ ಪ್ರಬಂಧದಲ್ಲಿ ‘ಮುಡಿಗಂಧ’ ಎಂದು ಕರೆಯಲಾಗಿದೆ. ಅದನ್ನು ಮೂಸಿದೊಡನೆಯೇ ಧಾರಕಿಯ, ಅಂದರೆ ಧರಿಸಿದವಳ, ಸ್ವಭಾವವನ್ನು ನಿರ್ಣಯಿಸಬಹುದೆಂಬುದು ಪೂರ್ವಾಚಾರ್ಯರ ಮತ. ಅಧ್ಯಯನದ ಕ್ಷೇತ್ರ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು. 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾದಾಗ ತಾಲ್ಲೂಕುಗಳನ್ನೂ ಕಡತಗಳನ್ನೂ ಪಾಲು ಮಾಡಿದ ಕಂದಾಯ ಇಲಾಖೆಯು ವಾಸನೆಗಳನ್ನು ಪಾಲು ಮಾಡಲು ಮರೆತದ್ದರಿಂದ, ಎರಡನ್ನೂ ಒಂದೇ ಗಂಧವಲಯವೆಂದು ಎಣಿಸುವುದು ಅನಿವಾರ್ಯವಾಗಿದೆ. ಪಶ್ಚಿಮ ಘಟ್ಟವು ತಗ್ಗಿ ದಾರಿ ಬಿಟ್ಟಿರುವ ಪಾಲಕ್ಕಾಡ್ ಕಂಡಿಯಿಂದ ಆಷಾಢದಲ್ಲಿ ನುಗ್ಗುವ ಗಾಳಿ ಪಲ್ಲಡಂ, ಉಡುಮಲೈಪೇಟೆಗಳ ಗಾಳಿಯಂತ್ರಗಳನ್ನೇ ತಿರುಗಿಸುವಾಗ, ಒಂದು ಮೊಳ ಮಲ್ಲಿಗೆಯ ಪರಿಮಳವನ್ನು ಜಿಲ್ಲೆಯ ಗಡಿಯಲ್ಲಿ ತಡೆದು ನಿಲ್ಲಿಸುವವರು ಯಾರು? ಆಷಾಢದಲ್ಲಿ ಮದುವೆಗಳಿಲ್ಲದೆ ಮುಡಿಯುವವರು ಕಡಿಮೆಯಾಗಿ, ಗಾಳಿಗೆ ಹೊತ್ತೊಯ್ಯಲು ಸರಕೇ ಇಲ್ಲದಂತಾಗುವುದು ಪ್ರಕೃತಿಯ ಯೋಜನಾದೋಷವೆಂದು ಇಲ್ಲಿ ದಾಖಲಿಸಿದರೆ ಸಾಕು.

ಈ ಶಾಸ್ತ್ರದ ಮೊದಲ ಮಹಾವಿವಾದ ಮಧುರೆಯಲ್ಲಿ ನಡೆಯಿತೆಂದು ತಮಿಳು ಪುರಾಣ ಹೇಳುತ್ತದೆ. ಪಾಂಡ್ಯರಾಜನಿಗೆ ತನ್ನ ರಾಣಿಯ ಕೂದಲ ಪರಿಮಳ ಸಹಜವೋ ಹೂವಿನಿಂದ ಬಂದದ್ದೋ ಎಂಬ ಸಂಶಯ ಹುಟ್ಟಿತು. ಸಂಶಯ ತೀರಿಸುವ ಪದ್ಯವನ್ನು ಸಾಕ್ಷಾತ್ ಶಿವನೇ ಬರೆದು ಬಡಕವಿ ಧರುಮಿಯ ಕೈಗಿತ್ತನು. ತಮಿಳು ಕವಿಗಳ ಸಂಘವಾದ ಸಂಗಂನ ಪಂಡಿತ ನಕ್ಕೀರನು ಕೂದಲಿಗೆ ಸಹಜಗಂಧವೆಂಬುದಿಲ್ಲ, ದೇವಿಯ ಕೂದಲಿಗೂ ಇಲ್ಲ ಎಂದು ಪಟ್ಟುಹಿಡಿದು, ಶಿವನ ಮೂರನೆಯ ಕಣ್ಣಿನ ಉರಿ ತಾಳಲಾರದೆ ದೇವಸ್ಥಾನದ ಪುಷ್ಕರಿಣಿಯಲ್ಲಿ ಬಿದ್ದನು. ಸಂಶೋಧನಾ ವಿಧಾನದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಬ್ಬ ರಾಜ, ಒಬ್ಬ ಬಡವ, ಒಬ್ಬ ಪಂಡಿತ, ಒಬ್ಬ ದೇವರು ಇಷ್ಟು ಜನ ಸೇರಿಯೂ, ಅರಮನೆಯೊಳಗೇ ಇದ್ದ ರಾಣಿಯನ್ನು ಒಂದು ಮಾತು ಕೇಳಲಿಲ್ಲ. ಮುಂದಿನ ವಿದ್ವಾಂಸರು ಈ ಮೇಲ್ಪಂಕ್ತಿಯನ್ನು ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿದ್ದಾರೆ. ಪ್ರಸ್ತುತ ಪ್ರಬಂಧವೂ ಅದನ್ನು ಮೀರುವುದಿಲ್ಲ.

ಸಂಖ್ಯಾಶಾಸ್ತ್ರದ ಕಡೆಯಿಂದ ತೊಡಕು ಇನ್ನೂ ದೊಡ್ಡದು. ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿ ಎಂಬ ಅಧ್ಯಾಯದಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕನ್ನು ಆರಿಸುವ ಬಗೆಗಳನ್ನು ಎಣಿಸಿ 1,820 ಎಂದೂ, ಪ್ರಮಾಣಗಳನ್ನು ಅದಲುಬದಲು ಮಾಡಿದರೆ ಒಟ್ಟು 1,74,720 ಸುಗಂಧಗಳಾಗುತ್ತವೆಂದೂ ಲೆಕ್ಕ ಕೊಟ್ಟಿದ್ದಾನೆ. ರತಿರಹಸ್ಯ ಬರೆದ ಕೊಕ್ಕೋಕನಾದರೋ ಸ್ತ್ರೀಯರನ್ನು ಪದ್ಮಿನಿ, ಚಿತ್ರಿಣಿ, ಶಂಖಿನಿ, ಹಸ್ತಿನಿ ಎಂದು ನಾಲ್ಕೇ ಜಾತಿಗಳಲ್ಲಿ ಮುಗಿಸಿದ್ದಾನೆ. ಇಬ್ಬರನ್ನೂ ಪ್ರಮಾಣವೆಂದು ಒಪ್ಪಿದರೆ ಒಂದೊಂದು ಸ್ವಭಾವಕ್ಕೆ 43,680 ಸುಗಂಧಗಳು ಬೀಳುತ್ತವೆ. ಇಷ್ಟನ್ನು ಇಡಬಲ್ಲ ಬೀರು ಕೊಯಮತ್ತೂರಿನ ಯಾವ ಮನೆಯಲ್ಲಿಯೂ ಇರಲಾರದು.

ಆದ್ದರಿಂದ ಕ್ಷೇತ್ರಕ್ಕೇ ಇಳಿಯುವುದು ಲೇಸು. ಇಲ್ಲಿನ ಮುಡಿಗಂಧದ ಮೂಲದ್ರವ್ಯ ಮೂರು: ದುಂಡು ಮಲ್ಲಿಗೆ, ಜಾಜಿ, ಮತ್ತು ತಮಿಳಿನವರು ಮುಲ್ಲೈ ಎನ್ನುವ ಸೂಜಿಮಲ್ಲಿಗೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯವು ಮುಲ್ಲೈಯಲ್ಲಿ ಕೋ 1, ಕೋ 2 ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆಯಾದರೂ, ಯಾವ ತಳಿಗೆ ಯಾವ ಸ್ವಭಾವವೆಂಬುದನ್ನು ತಿಳಿಸದೆ ಇಳುವರಿಯ ಮಾತಿನಲ್ಲಿಯೇ ನಿಂತಿದೆ. ಆ ಕೊರತೆಯನ್ನು ಸಂಗಂ ಕಾವ್ಯಶಾಸ್ತ್ರ ತುಂಬಿಕೊಡುತ್ತದೆ. ಅದರ ತಿಣೈ ವಿಭಾಗದಲ್ಲಿ, ಅಂದರೆ ನೆಲಕ್ಕೊಂದು ಭಾವವನ್ನು ಗೊತ್ತುಮಾಡಿದ ವಿಂಗಡಣೆಯಲ್ಲಿ, ಮುಲ್ಲೈ ಎಂದರೆ ಕಾಡಂಚಿನ ನೆಲ, ಗಂಡನ ದಾರಿ ಕಾಯುವ ಹೆಂಡತಿಯ ತಾಳ್ಮೆ. ಆಸರೆಯಿಲ್ಲದ ಮುಲ್ಲೈ ಬಳ್ಳಿಗೆ ಪಾರಿ ಎಂಬ ದೊರೆ ತನ್ನ ರಥವನ್ನೇ ಬಿಟ್ಟುಕೊಟ್ಟನೆಂಬ ಐತಿಹ್ಯವೂ ಉಂಟು. ಎರಡನ್ನೂ ಸೇರಿಸಿ ನೋಡಿದರೆ ಮುಲ್ಲೈ ಮುಡಿದವಳ ಲಕ್ಷಣ ಸ್ಪಷ್ಟವಾಗುತ್ತದೆ: ಅವಳು ಕಾಯುತ್ತಾಳೆ, ಮತ್ತು ಕಾಯುವುದು ವಾಹನವನ್ನು. ಅವಿನಾಶಿ ರಸ್ತೆಯ ಬದಿಯಲ್ಲಿ ಬೆಳಗಿನ ಹೊತ್ತು ಬನಿಯನ್ ಕಂಪನಿಯ ವ್ಯಾನಿಗಾಗಿ ನಿಂತವರನ್ನು ಕಂಡ ಯಾರಿಗೂ ಇದರಲ್ಲಿ ಸಂದೇಹ ಉಳಿಯದು.

ತಿರುಪ್ಪೂರಿನ ಹೊಲಿಗೆ ಘಟಕಗಳಲ್ಲಿ ಸೀಸೆಯ ಸುಗಂಧದ ಲಕ್ಷಣವನ್ನೂ ಪರಿಶೀಲಿಸಬಹುದು. ಸುಗಂಧತಜ್ಞರು ಪರಿಮಳವನ್ನು ಮೇಲುಗಂಧ, ನಡುಗಂಧ, ತಳಗಂಧ ಎಂದು ಮೂರು ಪದರವಾಗಿ ವಿಂಗಡಿಸುತ್ತಾರೆ; ಹಗುರವಾದ ಅಣುಗಳು ಮೊದಲು ಆವಿಯಾಗಿ, ಭಾರವಾದವು ಕೊನೆಯವರೆಗೂ ಉಳಿಯುವುದೇ ಇದಕ್ಕೆ ಕಾರಣ. ಬೆಳಿಗ್ಗೆ ಎಂಟೂವರೆಯಿಂದ ರಾತ್ರಿ ಎಂಟೂವರೆಯವರೆಗಿನ ಒಂದೂವರೆ ಶಿಫ್ಟಿನಲ್ಲಿ ಒಬ್ಬಳೇ ಧಾರಕಿ ಹೀಗೆ ಮೂರು ಸ್ವಭಾವಗಳನ್ನು ದಾಟುತ್ತಾಳೆ. ಗೇಟಿನಲ್ಲಿ ಅವಳು ನಿಂಬೆಯಂತೆ ಚುರುಕು, ಊಟದ ಬುತ್ತಿ ಬಿಚ್ಚುವಾಗ ಗುಲಾಬಿಯಂತೆ ಮೃದು; ಸಂಜೆಯ ಟೀ ಆದ ಮೇಲೆ ತಳಗಂಧವಾಗಿ ಉಳಿಯುವುದು ಮಾತ್ರ ಯಾವ ಸೀಸೆಯ ಮೇಲೂ ನಮೂದಾಗಿರದ ಹೊಲಿಗೆ ಮೆಷಿನ್ನಿನ ಎಣ್ಣೆ ಮತ್ತು ಇಸ್ತ್ರಿಯ ಹಬೆಯಲ್ಲಿ ಬೆಂದ ಹತ್ತಿ.

ರಸಾಯನಶಾಸ್ತ್ರವು ಇನ್ನೊಂದು ಇಕ್ಕಟ್ಟನ್ನು ತಂದಿಡುತ್ತದೆ. ಮಲ್ಲಿಗೆಯ ಮೋಹಕತೆಗೆ ಬೆಂಜೈಲ್ ಅಸಿಟೇಟ್, ಲಿನಲೂಲ್‌ಗಳ ಜೊತೆಗೆ ಇಂಡೋಲ್ ಎಂಬ ವಸ್ತುವೂ ಕಾರಣ. ಅದೇ ಇಂಡೋಲ್ ಮಲದಲ್ಲಿಯೂ ಇರುತ್ತದೆ. ಈ ಸಂಗತಿಯಿಂದ ಧಾರಕಿಯ ಸ್ವಭಾವದ ಬಗ್ಗೆ ಏನನ್ನು ಊಹಿಸಬೇಕೆಂಬ ವಿಚಾರದಲ್ಲಿ ವಿದ್ವಾಂಸರು ವಿವೇಕದಿಂದ ಮೌನವಾಗಿದ್ದಾರೆ. ಕಾರ್ಖಾನೆಗಳಲ್ಲಿ ಹೂವನ್ನು ಹೆಕ್ಸೇನ್ ದ್ರಾವಕದಲ್ಲಿ ತೊಳೆದು ‘ಕಾಂಕ್ರೀಟ್’ ಎಂಬ ಮೇಣದ ಮುದ್ದೆಯನ್ನು ತೆಗೆಯುತ್ತಾರೆ. ಅದರಿಂದ ಬರುವ ಸುಗಂಧಸಾರ ಪ್ಯಾರಿಸ್ಸಿನ ಸೀಸೆಗಳವರೆಗೂ ಹೋಗುತ್ತದೆ. ಸತ್ಯಮಂಗಲದ ಕಡೆಯ ಮಲ್ಲಿಗೆಯನ್ನು ಈ ಕಾರ್ಖಾನೆಗಳು ಹೆಚ್ಚಾಗಿ ಕೊಳ್ಳುವುದು ಮುಹೂರ್ತಗಳಿಲ್ಲದೆ ದರ ನೆಲಕಚ್ಚಿದಾಗ. ಎಂದರೆ ಕೊಯಮತ್ತೂರಿನ ಮುಡಿಗೆ ಬೇಡವಾದ ಹೂವೇ ಪ್ಯಾರಿಸ್ಸಿನ ಕೊರಳಿನ ವೈಭವ. ಆ ಸೀಸೆಯ ಧಾರಕಿಯ ಸ್ವಭಾವವನ್ನು ‘ಆಷಾಢ ಪ್ರಕೃತಿ’ ಎಂದು ವರ್ಗೀಕರಿಸುವುದೇ ನ್ಯಾಯ.

ಮಾಪನದ ವಿಚಾರ ಹೆಚ್ಚಿನ ವಿವರವನ್ನು ಬೇಡುತ್ತದೆ. ಮುಡಿಗಂಧದ ಮಾನ ಮೊಳ. ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಮೇಟ್ಟುಪಾಳ್ಯಂ ರಸ್ತೆಯ ಹೂವಿನ ಮಾರುಕಟ್ಟೆಯ ಬಳಿ ಬುಟ್ಟಿಯ ಮುಂದೆ ಕುಳಿತ ಅಕ್ಕ ಬಾಳೆನಾರಿನಲ್ಲಿ ಕಟ್ಟಿದ ಸರವನ್ನು ಮೊಳಕೈಯ ಚಿಪ್ಪಿಗೆ ತಾಗಿಸದೆ ಒಳಮಡಿಕೆಯಲ್ಲಿ ಒತ್ತಿಹಿಡಿಯುತ್ತಾಳೆ, ಮಣಿಕಟ್ಟನ್ನು ತುಸು ಒಳಕ್ಕೆ ಬಾಗಿಸುತ್ತಾಳೆ, ಬೆರಳ ತುದಿ ಮುಟ್ಟುವ ಮುನ್ನವೇ ನಾರನ್ನು ಉಗುರಿನಿಂದ ಕತ್ತರಿಸಿ, ಕೊಳ್ಳುವವಳು ಬಾಯಿ ತೆರೆಯುವಷ್ಟರಲ್ಲಿ ಬಾಳೆಲೆಯ ಚೂರಿನಲ್ಲಿ ಸುತ್ತಿ ‘ಇಂದಾ ಅಮ್ಮಿಣಿ’ ಎಂದು ಕೈಗಿಡುತ್ತಾಳೆ. ಮುಹೂರ್ತದ ದಿನಗಳಲ್ಲಿ ಮನುಷ್ಯರ ತೋಳು ಗಿಡ್ಡವಾಗುವ ಈ ವಿದ್ಯಮಾನವನ್ನು ‘ಮೊಳಸಂಕೋಚ’ ಎಂದು ಕರೆಯಬಹುದು. ವೈದ್ಯಶಾಸ್ತ್ರ ಇನ್ನೂ ಇದರತ್ತ ಕಣ್ಣು ಹಾಯಿಸಿಲ್ಲ.

ಮನೆಯಲ್ಲಿ ಕನ್ನಡವಾಡುವ ನೇಕಾರ ದೇವಾಂಗರನ್ನು ಬಿಟ್ಟರೆ ಸಮೀಕ್ಷೆ ಅಪೂರ್ಣವಾದೀತು. ವಿಜಯದಶಮಿಯಂದು ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿಗೆ ಅವರು ಕತ್ತಿಹಬ್ಬ ನಡೆಸುವಾಗ ಎರಚಾಡುವ ಭಂಡಾರದ ಅರಿಶಿನ ಸಕಲ ಮುಡಿಗಂಧಗಳನ್ನೂ ಮುಚ್ಚಿಹಾಕುತ್ತದೆ. ಪದ್ಮಿನಿಯಿಂದ ಹಸ್ತಿನಿಯವರೆಗೆ ಎಲ್ಲರೂ ಒಂದೇ ವಾಸನೆ ಹೊಡೆಯುವ ಆ ದಿನ ಸ್ವಭಾವನಿರ್ಣಯಕ್ಕೆ ರಜೆ.

ಉಳಿದಿರುವ ಆಕ್ಷೇಪ ಒಂದೇ. ನಿರಂತರ ಗಂಧಕ್ಕೆ ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿ ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ಅಲ್ಲದೆ ಹೂವಿರುವುದು ತಲೆಯ ಹಿಂದೆ. ಧಾರಕಿಗೇ ತಿಳಿಯದ ಗಂಧದಿಂದ ಧಾರಕಿಯನ್ನು ಅಳೆದ ಸಾಕ್ಷ್ಯವೆಲ್ಲವೂ ಟೌನ್ ಬಸ್ಸಿನ ಹಿಂದಿನ ಸೀಟುಗಳಲ್ಲಿ ಸಂಗ್ರಹವಾದದ್ದು, ಸಂಗ್ರಹಿಸಿದವರು ಬಹುಪಾಲು ಗಂಡಸರು. ಮಲ್ಲಿಗೆಗೆ ಮಾರುಹೋದವನು ‘ಧಾರಕಿ ಭಾವುಕಳು’ ಎಂದೂ, ನೆಗಡಿಯಾದವನು ‘ಧಾರಕಿ ಗಂಭೀರಳು’ ಎಂದೂ ವರದಿ ಕೊಟ್ಟದ್ದುಂಟು. ಪರಿಮಳವೇ ಇಲ್ಲದ ಕನಕಾಂಬರವನ್ನು ಮುಡಿದವಳ ವಿಷಯದಲ್ಲಂತೂ ನಾಲ್ಕೂ ಜಾತಿಗಳು ಕೈಚೆಲ್ಲಿದ್ದರಿಂದ, ಪೂರ್ವಾಚಾರ್ಯರ ಮೇಲ್ಪಂಕ್ತಿಯನ್ನು ಒಮ್ಮೆ ಮುರಿದು, ಕನಕಾಂಬರವನ್ನೇ ಏಕೆ ಆರಿಸಿದಿರೆಂದು ಅಂಥ ಒಬ್ಬರನ್ನು ಕೇಳಲಾಯಿತು. ‘ಮಲ್ಲಿಗೆ ರೇಟು ಕೇಳಿದೀರಾ ಇವತ್ತು?’ ಎಂದು ಅವರು ಮರುಪ್ರಶ್ನೆ ಹಾಕಿ ಬಸ್ಸಿಳಿದರು. ಉತ್ತರವು ಪ್ರಬಂಧದ ವ್ಯಾಪ್ತಿಗೆ ಹೊರತಾದುದರಿಂದ ಅವರನ್ನು ‘ನಿಗೂಢ ಸ್ವಭಾವದವರು’ ಎಂಬ ಐದನೆಯ ಜಾತಿಗೆ ಸೇರಿಸಲಾಗಿದೆ.